ಟ್ಯಾಂಕಿನ ಮಡಿ
ಪೊಲೀಸ್ ಕಾರ್ಯಾಚರಣೆಯ ಮರುವರ್ಷ ರಾಯಚೂರು ಕೋಟೆಯಲ್ಲಿ ತೆರೆದ ಯುದ್ಧ ಸಂಗ್ರಹಾಲಯಕ್ಕೆ ಬಂದ ಹಳೆಯ ಟ್ಯಾಂಕನ್ನು ಮೊದಲಿನಂತೆ ಮಾಡುವ ಉಸ್ತುವಾರಿ ಮಾನ್ವಿಯ ಬಿಂದಾಚಾರ್ಯರದು. ಯಂತ್ರ ಬಲ್ಲವರು ಊರಲ್ಲಿ ಬಹಳ ಮಂದಿ ಇದ್ದರು. ಇಷ್ಟು ಮಡಿ ಬಲ್ಲವರು ಸಿಗಲಿಲ್ಲವೆಂದೇ ಸರಕಾರ ಇವರನ್ನು ನೇಮಿಸಿರಬೇಕು. ದೇವರ ತಾಮ್ರದ ತಂಬಿಗೆ ತಿಕ್ಕುವ ವಿದ್ಯೆಯೇ ಟ್ಯಾಂಕಿಗೂ ಸಾಕೆಂದು ಅವರು ಆಳು ಕನಕಪ್ಪನಿಂದ ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಿಸುತ್ತಾರೆ. ಬೆಳಗಾಗುವುದರೊಳಗೆ ಕಬ್ಬಿಣಕ್ಕೆ ಹೊಸ ತುಕ್ಕು. "ನೋಡಪಾ, ಒಳಗಿನ ಮೈಲಿಗಿ ಹೊರಗ ಬರಾಕತ್ತದ" ಎಂದು ಹಿಗ್ಗುತ್ತಾರೆ. ದೊಡ್ಡ ಸಾಹೇಬರು ಮುಟ್ಟಿ ಹೋದರೂ ಕೊಡಗಟ್ಟಲೆ ನೀರು ಸುರಿಸುತ್ತಾರೆ. ಗುಂಡಿಗೆ ಜಗ್ಗದ ಟ್ಯಾಂಕು ಆಚಾರ್ಯರ ನೀರಿಗೆ ಸವೆಯುತ್ತಿದೆ. ಏಕಾದಶಿಯಂದು ಅದರ ಗಾಲಿಗೆ ಎಣ್ಣೆಯೂ ಇಲ್ಲ, ನಿರಾಹಾರ. ಇಂಥ ಆಚಾರ್ಯರು ಮಧ್ಯಾಹ್ನವಾದರೆ ಮಾತ್ರ, ತಾವೇ ಯಾರಿಗೂ ತೊಳೆಯಗೊಡದ ಚಾಲಕನ ಸೀಟಿಗೆ ಇಳಿದು ಸುಮ್ಮನೆ ಕೂರುತ್ತಾರೆ. "ಯಾರ್ ಕುಂತಿದ್ರೋ ಏನೋ, ಮೈಲಿಗಿ ಆಗಂಗಿಲ್ಲೇನ್ರಿ?" ಎಂದು ಕನಕಪ್ಪ ಒಮ್ಮೆ ಕೇಳಿಯೇಬಿಟ್ಟ. ಆಚಾರ್ಯರ ಒಬ್ಬನೇ ಮಗ ಟ್ಯಾಂಕು ನಡೆಸಲೆಂದು ಬರ್ಮಾದ ಲಡಾಯಿಗೆ ಹೋದವನು ಇನ್ನೂ ಮನೆಗೆ ಬಂದಿಲ್ಲ. ಅವರು ಸೀಟನ್ನು ಸವರಿದರು: "ಯಾರೋ ಹೆತ್ತ ಹುಡುಗ ಕೂತ ಜಾಗಾ ಇದು. ಅವನ ಬೆವರು ತೊಳದು ನಾ ಯಾವ ಮಡಿ ಉಡ್ಲೋ?"