ಒಬ್ಬರು ಉಳಿದರೂ ಆಟ ನಡೆಯುತ್ತದೆ

ಜೂನ್ ೧೪, ಭಾನುವಾರ. ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಕಾನಹೊಸಹಳ್ಳಿ.

ಕೂಡ್ಲಿಗಿಗೆ ಹೊರಟಿದ್ದ ನನ್ನ ಸ್ಕೂಟಿ ಹೈವೇ ಪಕ್ಕದಲ್ಲಿ ಗಾಳಿ ಬಿಟ್ಟು ನಿಂತಿತು. ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಬಂದೆ. ಅಂಗಡಿಯವನು ನನಗಿಂತ ಮೊದಲು ಬಂದಿದ್ದ ಸೈಕಲ್ಲಿನ ಟ್ಯೂಬು ಉಜ್ಜುತ್ತಿದ್ದ. ಉಜ್ಜಿದ ಜಾಗಕ್ಕೆ ಸಲ್ಯೂಷನ್ ಅಂಟು ಹಚ್ಚಿ, ಒಣಗಲೆಂದು ಬಾಯಿಂದ ಊದಿದ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಕಣ್ಣು ತಾನಾಗಿಯೇ ರಸ್ತೆಯ ಆಚೆ ಬದಿಗೆ ಹೋಯಿತು, ಯಾರಾದರೂ ನಿಂತು ನೋಡುತ್ತಿದ್ದಾರೆಯೇ ಎಂದು. ಯಾರೂ ಇರಲಿಲ್ಲ. ಒಂದು ಎಮ್ಮೆ ಇತ್ತು, ಅಷ್ಟೆ. ಏಳು ವರ್ಷವಾದರೂ ಆ ವಾಸನೆಯ ಜೊತೆ ನನಗೆ ಮೊದಲು ಬರುವುದು ಭಯ. ಆ ಮನುಷ್ಯ ನೆನಪಾಗುವುದು ಆಮೇಲೆ...

ಅವರದು ಕೊಟ್ಟೂರಿನಲ್ಲಿ, ನಮ್ಮ ಕಾಲೇಜಿನ ದಾರಿಯಲ್ಲಿ, ತಗಡು ಹೊದಿಸಿದ ಒಂದು ಪಂಕ್ಚರ್ ಅಂಗಡಿ. ನಾವು ಅವರನ್ನು ಚಾಚಾ ಅನ್ನುತ್ತಿದ್ದೆವು. ನಾನು ಮೊದಲ ಪಿಯುಸಿ. ಕಾಲೇಜಿನ ಹಿಂದಿನ ಬಯಲಿನಲ್ಲಿ ಬ್ಯಾಸ್ಕೆಟ್‌ಬಾಲಿನ ಎರಡು ಕಂಬಗಳಿದ್ದವು, ಒಂದು ನೆಲಕ್ಕೆ ಬಿದ್ದಿತ್ತು. ನಿಂತಿದ್ದ ಕಂಬದ ಕೆಳಗೆ ನಾವು ಮೂವರು ಹುಡುಗಿಯರು ಆಡುತ್ತಿದ್ದೆವು. ಒಬ್ಬಳು ನಮ್ಮೆಲ್ಲರಿಗಿಂತ ಎತ್ತರ, ಇನ್ನೊಬ್ಬಳು ಎಡಗೈಯವಳು. ಚೆಂಡಿಗೆ ಗಾಳಿ ತುಂಬಿಸಲು ಹೋದ ದಿನ ಚಾಚಾ ಅದನ್ನು ಎರಡು ಸಲ ನೆಲಕ್ಕೆ ಬಡಿದು ನೋಡಿ, ಸ್ವಲ್ಪ ಗಾಳಿ ಬಿಟ್ಟರು.

"ಎದಿ ಮಟ ಎದ್ರ ಸಾಕು ಬೇಟಾ. ತಲಿ ಮಟ ಎದ್ರ ಅದು ಚೆಂಡಲ್ಲ, ಕೋತಿ."

ಚಾಚಾ ಹುಡುಗರಾಗಿದ್ದಾಗ ಬಳ್ಳಾರಿಯಲ್ಲಿ ಒಂದು ಮೈದಾನದ ಪಕ್ಕದ ಸೈಕಲ್ ಶಾಪಿನಲ್ಲಿ ಕೆಲಸಕ್ಕಿದ್ದರಂತೆ. ಸಂಜೆ ಆಟಕ್ಕೆ ಒಬ್ಬರು ಕಡಿಮೆಯಾದರೆ ಅವರನ್ನು ಕರೆಯುತ್ತಿದ್ದರಂತೆ. ನಮ್ಮ ಚೆಂಡು ನೋಡಿದ ಮರುದಿನ ಸಂಜೆ ಐದಕ್ಕೆ ಅಂಗಡಿ ಮುಚ್ಚಿ ಬಯಲಿಗೆ ಬಂದರು. ಅಂದಿನಿಂದ ಹರಪನಹಳ್ಳಿಯ ಪಂದ್ಯದವರೆಗೆ ಮೂವತ್ತೆಂಟು ಸಂಜೆ ಬಂದರು. ನನ್ನ ಡೈರಿಯಲ್ಲಿ ಲೆಕ್ಕವಿದೆ.

ಹರಪನಹಳ್ಳಿಯಲ್ಲಿ ತಂಡಕ್ಕೆ ಮೂವರಂತೆ ಆಡುವ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಇದೆ, ಹುಡುಗಿಯರಿಗೂ ಉಂಟು ಎಂದು ಕಾಲೇಜಿನ ಬೋರ್ಡಿಗೆ ಒಂದು ಹಾಳೆ ಹಚ್ಚಿದ್ದರು. ನಿಯಮಗಳು ಇಂಗ್ಲಿಷಿನಲ್ಲಿದ್ದವು. ನಾನು ಅವನ್ನು ಕನ್ನಡದಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ ಓದಿದೆ. ಚಾಚಾ ಬೋಗುಣಿಯ ನೀರಿನಲ್ಲಿ ಟ್ಯೂಬು ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಾ ಕೇಳಿದರು. ಒಂದೇ ರಿಂಗು, ಅರ್ಧ ಅಂಕಣ. ರಿಂಗಿನ ಮುಂದೆ ಕಮಾನಿನಂತೆ ಎಳೆದ ಗೆರೆಯ ಒಳಗಿನಿಂದ ಹಾಕಿದರೆ ಒಂದು ಅಂಕ, ಹೊರಗಿನಿಂದ ಹಾಕಿದರೆ ಎರಡು. ಹತ್ತು ನಿಮಿಷದ ಆಟ, ಅದಕ್ಕೂ ಮೊದಲು ಯಾರು ಇಪ್ಪತ್ತೊಂದು ಮುಟ್ಟುತ್ತಾರೋ ಅವರು ಗೆದ್ದಂತೆ. ಚೆಂಡು ಕೈಗೆ ಬಂದರೆ ಮೊದಲು ಗೆರೆಯ ಹೊರಗೆ ಒಯ್ಯಬೇಕು, ಹನ್ನೆರಡು ಸೆಕೆಂಡಿನೊಳಗೆ ರಿಂಗಿಗೆ ಎಸೆಯಬೇಕು.

ಐದನೆಯ ನಿಯಮವನ್ನು ಓದಿದಾಗ ಅವರು ಟ್ಯೂಬು ಬಿಟ್ಟು ತಲೆಯೆತ್ತಿದರು. ಆಟ ನಡೆಯುವಾಗ ಕಲಿಸಿದವರು ಅಂಕಣದ ಹತ್ತಿರ ಇರುವಂತಿಲ್ಲ, ಹೊರಗಿನಿಂದಲೂ ಹೇಳಿಕೊಡುವಂತಿಲ್ಲ, ಸನ್ನೆ ಮಾಡುವಂತಿಲ್ಲ.

"ಬಾಯಿ ಮುಚ್ಕೋಬೋದವಾ. ಮುಖ ಹ್ಯಾಂಗ ಮುಚ್ಕೋಬೇಕು?"

"ಬುರ್ಖಾ ಹಾಕ್ಕೊಂಡು ಬರ್ರಿ ಚಾಚಾ," ಅಂದಳು ಎಡಗೈಯವಳು. ಅವರು ಕೆಮ್ಮು ಬರುವಷ್ಟು ನಕ್ಕರು.

ಆರನೆಯದನ್ನು ಎರಡು ಸಲ ಓದಿಸಿದರು. ಆಟ ಶುರುವಾಗಲು ಮೂವರು ಬೇಕೇ ಬೇಕು. ಆಮೇಲೆ ಪೆಟ್ಟಾಗಿ ಕಡಿಮೆಯಾದರೆ ಒಬ್ಬರು ಉಳಿದರೂ ಆಟ ನಡೆಯುತ್ತದೆ. ಆದರೆ ಮುಗಿಯುವ ಮೊದಲು ತಾವಾಗಿ ಅಂಕಣ ಬಿಟ್ಟು ಹೋದ ತಂಡ ಸೋತಂತೆ. ಅದರ ಕೆಳಗೆ ಹರಪನಹಳ್ಳಿಯವರು ತಾವೇ ಒಂದು ಸಾಲು ಸೇರಿಸಿದ್ದರು: ಹಾಗೆ ಹೋದ ತಂಡವನ್ನು ಮುಂದಿನ ವರ್ಷ ತೆಗೆದುಕೊಳ್ಳುವುದಿಲ್ಲ. ಬದಲಿ ಆಟಗಾರ್ತಿ ಒಬ್ಬಳಿಗೆ ಅವಕಾಶವಿತ್ತು. ನಮಗೆ ನಾಲ್ಕನೆಯವಳು ಸಿಕ್ಕಿರಲಿಲ್ಲ.

"ಬಿದ್ರ ಒಳಗ ಬೀಳ್ರಿ," ಅಂದರು ಚಾಚಾ. "ಹೊರಗ ಮಾತ್ರ ಹೋಗಬ್ಯಾಡ್ರಿ."

ಹನ್ನೆರಡು ಸೆಕೆಂಡು ಎಂದರೆ ಎಷ್ಟು ಎಂದು ಅವರು ಕಲಿಸಿದ್ದು ಗಡಿಯಾರದಿಂದಲ್ಲ. ಬಯಲಿಗೆ ಒಂದು ಹಳೇ ಗಾಲಿ, ಟೈರು ಬಿಚ್ಚುವ ಕಬ್ಬಿಣದ ಲಿವರ್ ತರುತ್ತಿದ್ದರು. ಚೆಂಡು ಗೆರೆ ದಾಟಿದ ಕೂಡಲೇ ಗಾಲಿಯ ಮೇಲೆ ಟಣ್, ಟಣ್ ಎಂದು ಹನ್ನೆರಡು ಸಲ ಬಡಿಯುತ್ತಿದ್ದರು. ಕೊನೆಕೊನೆಗೆ ಆ ಸದ್ದು ನನ್ನ ಕಿವಿಯೊಳಗೇ ಕೂತುಬಿಟ್ಟಿತ್ತು. ಅದು ಕೇಳುತ್ತಿದ್ದರೆ ನನಗೆ ಹೆದರಿಕೆ ಆಗುತ್ತಿರಲಿಲ್ಲ.

ಹೆದರಿಕೆ ಆಗಲೇ ಶುರುವಾಗಿತ್ತು, ನಿಜ ಹೇಳಬೇಕೆಂದರೆ. ಹನ್ನೊಂದನೆಯ ಸಂಜೆ ಬಯಲಿನ ಅಂಚಿನಲ್ಲಿ ಬೈಕು ನಿಲ್ಲಿಸಿಕೊಂಡು ಇಬ್ಬರು ನೋಡುತ್ತಿದ್ದರು. ಹತ್ತೊಂಬತ್ತನೆಯ ಸಂಜೆ ಮೂವರು. ಅವರಲ್ಲೊಬ್ಬ ಎತ್ತರದವಳ ಸೋದರಮಾವ. ಮೊಬೈಲು ಹಿಡಿದು ಚಾಚಾನ ಜೊತೆಗಿದ್ದ ನಮ್ಮ ಫೋಟೊ ತೆಗೆದುಕೊಂಡು ಹೋದರು. ಅಂದಿನಿಂದ ಚಾಚಾ ನಮ್ಮಿಂದ ದೂರ, ಬಿದ್ದ ಕಂಬದ ಮೇಲೆ ಕೂತು ಗಾಲಿ ಬಡಿಯತೊಡಗಿದರು. ಯಾಕೆಂದು ನಾವು ಕೇಳಲಿಲ್ಲ. ಮೂವರಿಗೂ ಗೊತ್ತಿತ್ತು. ನಮ್ಮ ಮನೆಯಲ್ಲಿ ನಾನು ಚಾಚಾನ ವಿಷಯವನ್ನೇ ಎತ್ತಿರಲಿಲ್ಲ. ಕಾಲೇಜಿನ ಸರ್ ಒಬ್ಬರು ಕಲಿಸುತ್ತಾರೆ ಅಂದಿದ್ದೆ.

ಪಂದ್ಯದ ದಿನ ನಾವು ಮೂವರು ಬಸ್ಸಿನಲ್ಲಿ ಹೋದೆವು. ಚಾಚಾ ತಮ್ಮ ಮೊಪೆಡ್ಡಿನಲ್ಲಿ ಬೇರೆ ಬಂದರು. ಮೈದಾನಕ್ಕೆ ಒಂದೇ ಗೇಟು. ಅದರ ಒಳಗೆ, ಅಂಕಣದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಅವರು ನಿಂತರು. ಆಟಕ್ಕೆ ಸೀಟಿ ಬಿದ್ದ ಕೂಡಲೇ ನಮಗೆ ಬೆನ್ನು ಮಾಡಿ ಗೇಟಿನ ಕಡೆ ತಿರುಗಿಬಿಟ್ಟರು. ಮುಖ ಮುಚ್ಚಿಕೊಳ್ಳುವ ದಾರಿ ಅವರಿಗೆ ಸಿಕ್ಕಿತ್ತು. ಮೊದಲ ಎರಡು ಆಟವೂ ಹಾಗೆಯೇ ನಿಂತರು. ಒಂದು ಸೋತೆವು, ಒಂದು ಗೆದ್ದೆವು.

ಮೂರನೆಯದು ಹಡಗಲಿಯ ತಂಡದ ಮೇಲೆ. ಮಧ್ಯಾಹ್ನ ಎರಡೂ ಹತ್ತು. ನಾಲ್ಕನೆಯ ನಿಮಿಷಕ್ಕೆ ಎಡಗೈಯವಳ ಕಾಲು ಉಳುಕಿತು. ಅವಳನ್ನು ಎತ್ತಿ ಬದಿಗೆ ಕೂರಿಸಿದರು. ನಾವಿಬ್ಬರೇ ಆಡಿದೆವು. ಮೇಜಿನವರು ಹನ್ನೆರಡು ಹದಿಮೂರು ಎಂದು ಕೂಗಿದರು, ನಾವು ಒಂದೇ ಅಂಕ ಹಿಂದೆ. ಆಗ ಗೇಟಿನಲ್ಲಿ ಎತ್ತರದವಳ ಮಾವ ಕಾಣಿಸಿದ, ಜೊತೆಗೆ ಇಬ್ಬರು. ಅವನು ಕೂಗಲಿಲ್ಲ. ಚಾಚಾನನ್ನು ದಾಟಿ ಅಂಕಣದ ಅಂಚಿನವರೆಗೆ ಬಂದು ಬೆರಳಿನಲ್ಲಿ ಕರೆದ, ಅಷ್ಟೆ. ಅವಳು ಚೆಂಡನ್ನು ನನ್ನ ಕೈಗೆ ಕೊಟ್ಟಳು. "ನಮ್ಮ ಮಾವ ಬಂದಾನ," ಅಂದಳು, ನನಗೆ ಗೊತ್ತಿಲ್ಲವೇನೋ ಎಂಬಂತೆ. ತಲೆ ತಗ್ಗಿಸಿ ನಡೆದುಹೋದಳು. ಇಬ್ಬರಲ್ಲಿ ಒಬ್ಬ ಅವಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೊರಟ. ಮಾವ ಹೋಗಲಿಲ್ಲ. ತಿರುಗಿ ಗೇಟಿನ ಹತ್ತಿರ ಹೋಗಿ ಚಾಚಾನ ಎದುರಿಗೆ ನಿಂತ.

ಅಂಪೈರ್ ನನ್ನ ಹತ್ತಿರ ಬಂದರು. "ಏನಮ್ಮಾ, ಬಿಟ್ಟುಬಿಡ್ತೀಯಾ?"

"ಒಬ್ರಿದ್ರೂ ಆಡಬೋದು ಸರ್. ಆರನೇ ನಿಯಮ ಐತಿ. ಆಕಿ ಹೋಗ್ಯಾಳ, ತಂಡ ಹೋಗಿಲ್ರಿ."

ಅವರು ಮೇಜಿನ ಹತ್ತಿರ ಹೋಗಿ ಹಾಳೆ ತಿರುವಿದರು. ಅಷ್ಟು ಹೊತ್ತು ನಾನು ಗೇಟನ್ನೇ ನೋಡುತ್ತಿದ್ದೆ. ಚಾಚಾನ ಬೆನ್ನು ಕಾಣುತ್ತಿತ್ತು, ಅವರ ಹೆಗಲಿನಾಚೆ ಮಾವನ ಅರ್ಧ ಮುಖ. ಮಾವನ ಬಾಯಿ ಆಡುತ್ತಿತ್ತು. ಮಾತು ಕೇಳಿಸುತ್ತಿರಲಿಲ್ಲ. ಅವನ ಕಣ್ಣು ಒಮ್ಮೊಮ್ಮೆ ನನ್ನ ಕಡೆ ಹೊರಳುತ್ತಿತ್ತು. ಉಳಿದಿದ್ದ ಇನ್ನೊಬ್ಬ ಚಾಚಾನ ಪಕ್ಕಕ್ಕೆ ಬಂದು ನಿಂತ.

ಆಗ ನನಗೆ ಹೊಳೆದದ್ದು ಮುಂದಿನ ವರ್ಷದ ಪಂದ್ಯವಲ್ಲ. ಈ ಆಟ ನಡೆಯುವವರೆಗೆ ಸುತ್ತ ಜನ ಇರುತ್ತಾರೆ, ಜನ ಇರುವವರೆಗೆ ಗೇಟಿನಲ್ಲಿ ಏನೂ ಆಗುವುದಿಲ್ಲ. ಆಟ ಮುಗಿದರೆ ಎಲ್ಲರೂ ಊಟಕ್ಕೆ ಹೋಗುತ್ತಾರೆ... ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಎಷ್ಟು ಸಾಧ್ಯವೋ ಅಷ್ಟು ಹೊತ್ತು ಆಟವನ್ನು ಎಳೆಯಬೇಕು.

ಎರಡು ನಿಮಿಷ ನಲವತ್ತು ಸೆಕೆಂಡು ಉಳಿದಿತ್ತು. ಸೀಟಿ ಬಿತ್ತು.

ಮೊದಲ ಚೆಂಡು ನನ್ನ ಪಾದಕ್ಕೇ ಬಡಿದು ಹೋಯಿತು. ಹಡಗಲಿಯವರು ಅದನ್ನು ರಿಂಗಿಗೆ ಹಾಕಿದರು. ನನ್ನ ಕಿವಿಯೊಳಗೆ ಟಣ್ ಟಣ್ ಇರಲಿಲ್ಲ, ಅದನ್ನು ನಾನು ಹುಡುಕುತ್ತಿದ್ದೆ. ರಿಂಗಿನ ಕೆಳಗಿನಿಂದ ಚೆಂಡು ಎತ್ತಿಕೊಂಡು ಗೆರೆಯ ಹೊರಗೆ ಓಡಿ, ಬಾಯಲ್ಲೇ ಎಣಿಸತೊಡಗಿದೆ. ಒಂದು, ಎರಡು, ಮೂರು. ನೆರೆದಿದ್ದ ಹುಡುಗರಲ್ಲಿ ಒಬ್ಬ, "ಏ, ಬಾಯಿಪಾಠ ಒಪ್ಪಿಸಾಕತ್ಯಾಳ ನೋಡ್ರಲೇ," ಅಂದ. ಎಲ್ಲರೂ ನಕ್ಕರು. ಹಡಗಲಿಯ ಹುಡುಗಿಯೊಬ್ಬಳು ಅಡ್ಡ ಬಂದು ಮೆಲ್ಲಗೆ, "ಹೋಗ ಮಾರಾಯ್ತಿ, ಬಿಸ್ಲು ಭಾಳ ಐತಿ, ನಮಗೂ ಹಸಿವಾಗೈತಿ," ಅಂದಳು. ಕೆಟ್ಟವಳಲ್ಲ. ನಾನು ಎಣಿಸುತ್ತಲೇ ಇದ್ದೆ. ಕೆಲವು ಸಲ ನಾಲ್ಕಕ್ಕೇ ಚೆಂಡು ಕಿತ್ತುಕೊಂಡರು. ಮೂರು ಸಲ ಹನ್ನೊಂದರವರೆಗೆ ಉಳಿಸಿಕೊಂಡೆ. ಅಂಥ ಒಂದು ಹನ್ನೊಂದರಲ್ಲಿ, ಏನೂ ಯೋಚಿಸದೆ, ಗೆರೆಯ ಹೊರಗಿನಿಂದ ಎಸೆದೆ. ಒಳಗೆ ಬಿತ್ತು. ಎರಡು ಅಂಕ. ನಗುತ್ತಿದ್ದ ಹುಡುಗರೇ ಸೀಟಿ ಹೊಡೆದರು.

ಪ್ರತಿ ಸಲ ಚೆಂಡು ಹೊರಗೆ ಹೋಗಿ ಆಟ ನಿಂತಾಗಲೂ ಗೇಟಿನ ಕಡೆ ನೋಡುತ್ತಿದ್ದೆ. ಬೆನ್ನು ಅಲ್ಲೇ ಇತ್ತು. ಎರಡೂ ಕೈ ಮುಂದಕ್ಕೆ ಕಟ್ಟಿದ್ದರು, ಕಾಣುತ್ತಿರಲಿಲ್ಲ. ಮಾವ ಒಮ್ಮೆ ಪಕ್ಕಕ್ಕೆ ಸರಿದು ಒಳಗೆ ಬರಲು ನೋಡಿದಂತಾಯಿತು. ಬೆನ್ನೂ ಆ ಪಕ್ಕಕ್ಕೆ ಸರಿಯಿತು. ಮತ್ತೆ ಇನ್ನೊಂದು ಪಕ್ಕ. ಅಲ್ಲಿಗೂ ಸರಿಯಿತು.

ಹಡಗಲಿಯವರು ಇಪ್ಪತ್ತೊಂದು ಮುಟ್ಟಿದಾಗ ಗಡಿಯಾರದಲ್ಲಿ ಹನ್ನೊಂದು ಸೆಕೆಂಡು ಉಳಿದಿತ್ತು. ನಮ್ಮದು ಹದಿನಾಲ್ಕು. ಮೂವರೂ ಬಂದು ಕೈ ಕುಲುಕಿದರು. ಅಂಪೈರ್ ಹಾಳೆಗೆ ಸಹಿ ಹಾಕಿಸಿಕೊಂಡರು. ಸಹಿ ಮಾಡಿ ತಲೆಯೆತ್ತಿದೆ. ಗೇಟಿನಲ್ಲಿ ಯಾರೂ ಇರಲಿಲ್ಲ. ಹೊರಗೆ ಚಾಚಾನ ಮೊಪೆಡ್ಡು ನಿಂತಿತ್ತು.

ಎಡಗೈಯವಳನ್ನು ಹಿಡಿದುಕೊಂಡು ಮೊಪೆಡ್ಡಿನ ಪಕ್ಕದಲ್ಲಿ ಇಪ್ಪತ್ತೈದು ನಿಮಿಷ ಕಾದೆ. ಯಾರೂ ಬರಲಿಲ್ಲ. ಬಸ್ಸು ಬಂತು, ಹತ್ತಿದೆವು.

ಸೋಮವಾರ ಅಂಗಡಿ ಮುಚ್ಚಿತ್ತು. ಮಂಗಳವಾರವೂ. ಬುಧವಾರ ತೆಗೆದಿತ್ತು. ಚಾಚಾ ಎಡಗೈಯಲ್ಲಿ ಟೈರು ಬಿಚ್ಚುತ್ತಿದ್ದರು. ಬಲಗೈಯ ಎರಡು ಬೆರಳಿಗೆ ಪಟ್ಟಿ ಸುತ್ತಿತ್ತು.

"ಏನಾತು ಚಾಚಾ?"

"ಜಾಕ್ ಜಾರಿತು."

ಅವರು ನನ್ನ ಕಡೆ ನೋಡಲಿಲ್ಲ, ರಸ್ತೆಯ ಆಚೆ ಬದಿಗೆ ನೋಡಿದರು. ನಾನೂ ನೋಡಿದೆ. ಬಯಲಿಗೆ ಬರುತ್ತಿದ್ದ ಅದೇ ಬೈಕು ನಿಂತಿತ್ತು.

"ಚೆಂಡಿಗೆ ಗಾಳಿ ಬೇಕಂದ್ರ ಯಾರ ಕೈಯಾಗಾರ ಕಳ್ಸವಾ," ಅಂದರು. "ನೀವು ಬರಬ್ಯಾಡ್ರಿ." ಲಿವರ್ ಮತ್ತೆ ಟೈರಿಗೆ ಸಿಕ್ಕಿಸಿ, "ಎಷ್ಟಕ್ಕ ಮುಗೀತು?" ಎಂದು ಕೇಳಿದರು.

"ಹದಿನಾಲ್ಕು ಇಪ್ಪತ್ತೊಂದು."

"ಹದಿನಾಲ್ಕಾ? ಹನ್ನೆರಡಿತ್ತಲ್ಲ."

ಉತ್ತರ ಹೇಳಬೇಕು ಅನ್ನುವಷ್ಟರಲ್ಲಿ ಆಚೆ ಬದಿಯ ಬೈಕು ಸ್ಟಾರ್ಟ್ ಆದ ಸದ್ದು ಕೇಳಿತು. ನಾನು ಬ್ಯಾಗು ಎದೆಗೆ ಒತ್ತಿಕೊಂಡು ಓಡಿಬಿಟ್ಟೆ.

ಆಮೇಲೆ ನಾನು ಕಾಲೇಜಿಗೆ ನಡೆದು ಹೋಗುವುದನ್ನು ಬಿಟ್ಟು ಬಸ್ಸು ಹಿಡಿದೆ. ಬಸ್ಸು ಅದೇ ಅಂಗಡಿಯ ಮುಂದೆ ಹೋಗುತ್ತಿತ್ತು. ಕಿಟಕಿಯಿಂದ ಕಾಣುತ್ತಿದ್ದರು. ಎರಡು ಬೆರಳು ಮಡಿಸಲು ಬಾರದೆ ನೇರವಾಗಿಯೇ ಉಳಿದಿದ್ದವು. ಇವತ್ತು ಇಳಿದು ಆ ಎರಡು ಅಂಕದ ವಿಷಯ ಹೇಳಬೇಕು, ಗೇಟಿನಲ್ಲಿ ಏನಾಯಿತೆಂದು ಕೇಳಬೇಕು ಎಂದುಕೊಳ್ಳುತ್ತಿದ್ದೆ. ಅಂಗಡಿ ತೆಗೆದಿದ್ದ ದಿನಗಳನ್ನು ಡೈರಿಯಲ್ಲಿ ಗೀಟು ಹಾಕಿ ಗುರುತು ಮಾಡಿದ್ದೇನೆ. ನಲವತ್ತೊಂದು. ನಲವತ್ತೊಂದು ಸಲವೂ ಇಳಿಯಲಿಲ್ಲ. ನಲವತ್ತೆರಡನೆಯ ದಿನ ತಗಡು ಕಿತ್ತಿದ್ದರು. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ.

ಮಗಳ ಊರಿಗೆ ಹೋದರು, ಹೊಸಪೇಟೆ ಎಂದು ಒಬ್ಬರು ಹೇಳಿದರು. ಗಂಗಾವತಿ ಎಂದು ಇನ್ನೊಬ್ಬರು. ತೀರಿಕೊಂಡರಲ್ಲ ಎಂದು ಮೂರನೆಯವರು ಚಹಾ ಕುಡಿಯುತ್ತಾ ಹೇಳಿದರು, ಖಚಿತವಿಲ್ಲದೆ. ಎತ್ತರದವಳಿಗೆ ಆ ಬೇಸಿಗೆಯಲ್ಲೇ ಮದುವೆಯಾಯಿತು. ಮಾವನನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಮುಂದಿನ ವರ್ಷ ಹರಪನಹಳ್ಳಿಯ ಪಟ್ಟಿಯಲ್ಲಿ ನಮ್ಮ ತಂಡಕ್ಕೆ ಜಾಗ ಇತ್ತು, ನಾವು ಅಂಕಣ ಬಿಟ್ಟು ಹೋದವರಲ್ಲವಲ್ಲ. ಆದರೆ ಶುರು ಮಾಡಲು ಮೂವರು ಬೇಕು. ಸಿಗಲಿಲ್ಲ.

ಮೂರು ಜನರೆದುರು ಒಬ್ಬಳೇ ನಿಂತವಳು ಎಂದು ಎಡಗೈಯವಳು ಈಗಲೂ ತನ್ನ ಮಗನಿಗೆ ನನ್ನನ್ನು ತೋರಿಸುತ್ತಾಳೆ. ಆದರೆ ಬಸ್ಸಿನ ಬಾಗಿಲಿನಿಂದ ಆ ಅಂಗಡಿಗೆ ಹತ್ತೇ ಹೆಜ್ಜೆ ಇತ್ತು...

ಸ್ಕೂಟಿಗೆ ಗಾಳಿ ಹಾಕಿ ಆಯಿತು. ಸೈಕಲ್ಲಿನವನು ಹೋಗಿದ್ದಾನೆ, ವಾಸನೆಯೂ ಕಡಿಮೆಯಾಗಿದೆ. ಗಂಟೆ ಹನ್ನೆರಡೂ ಐದು. ಅಂಗಡಿಯವನು ಎರಡು ಸಲ ಕೇಳಿದ, "ಅಕ್ಕಾರ, ಏನು ಅಷ್ಟು ಬರ್ಯಾಕತ್ತೀರಿ?"

ಆ ಮಧ್ಯಾಹ್ನ, ಎರಡೂ ಹತ್ತರ ಆಟದ ಹೊತ್ತಿಗೆ, ಹರಪನಹಳ್ಳಿಯ ಆ ಮೈದಾನದ ಗೇಟಿನ ಹತ್ತಿರ ಇದ್ದವರು ಯಾರಾದರೂ ಇದನ್ನು ಓದಿದರೆ, ಅಲ್ಲಿ ಏನು ಮಾತಾಯಿತು, ಆಟ ಮುಗಿದ ಮೇಲೆ ಚಾಚಾನನ್ನು ಎಲ್ಲಿಗೆ ಕರೆದೊಯ್ದರು, ಈಗ ಅವರು ಇದ್ದಾರೆಯೇ ಎಂಬುದನ್ನು ದಯವಿಟ್ಟು ನನಗೆ ಬರೆಯಿರಿ. ಹೆಸರು ಹಾಕದಿದ್ದರೂ ಆದೀತು, ಭಯ ಏನೆಂದು ನನಗೆ ಗೊತ್ತು. ಅವರು ಸಿಗುವ ಹಾಗಿದ್ದರೆ ಇಷ್ಟು ಹೇಳಿ: ಆ ಎರಡು ಅಂಕ ಗೆರೆಯ ಹೊರಗಿನಿಂದ ಬಂದದ್ದು, ಹನ್ನೊಂದನೆಯ ಎಣಿಕೆಗೆ. ಡೈರಿಯ ಆ ದಿನದ ಪುಟದಲ್ಲಿ ಕೆಳಗಿನ ಅರ್ಧವನ್ನು ನಿಮ್ಮ ಉತ್ತರಕ್ಕೆಂದು ಖಾಲಿ ಬಿಟ್ಟಿದ್ದೇನೆ.