ಇಪ್ಪತ್ತು ಎಣಿಸುವವರೆಗೆ

ಉದ್ದನಪಲ್ಲಿಯ ಆವುಲಪ್ಪ ಜೀವನದಲ್ಲಿ ತಲೆಮರೆಸಿಕೊಂಡು ಓಡಿದ್ದು ಒಂದೇ ಸಲ. ಅದೂ ಪೊಲೀಸರಿಗೆ ಹೆದರಿ ಅಲ್ಲ, ಇರುವೆಗಳಿಗೆ ಹೆದರಿ. ಹೊಲದ ಬದುವಿನ ಮೇಲೆ ಮುಕ್ಕಾಲಿ ನಿಲ್ಲಿಸಿ, ಅದರ ಮೇಲೆ ಕ್ಯಾಮೆರಾ ಕೂರಿಸಿ, ತಲೆಯ ಮೇಲೆ ಕರಿ ಬಟ್ಟೆ ಹೊದ್ದು ಅವನು ಒಂದು ಮಿಡತೆಯ ಮೂತಿಯನ್ನು ಗುರಿ ಹಿಡಿಯುತ್ತಿದ್ದ. ತಾನು ನಿಂತಿರುವುದು ಕೆಂಜಿಗದ ಗೂಡಿನ ಬಾಯಿಯ ಮೇಲೆ ಎಂಬುದು ಅವನಿಗೆ ತಿಳಿಯುವ ಹೊತ್ತಿಗೆ ಇರುವೆಗಳು ಪಂಚೆಯೊಳಗೆ ಮಂಡಿ ದಾಟಿ, ಉನ್ನತ ಮಟ್ಟದ ಕಾರ್ಯಾಚರಣೆಗೆ ಇಳಿದಿದ್ದವು. ಆವುಲಪ್ಪ ಪಂಚೆ ಕಿತ್ತೆಸೆದ. ಕರಿ ಬಟ್ಟೆ ಕಿತ್ತೆಸೆಯುವುದನ್ನು ಮರೆತ. ಮೇಲೆಲ್ಲ ಮುಚ್ಚಿಕೊಂಡು, ಕೆಳಗೆ ಏನೂ ಮುಚ್ಚಿಕೊಳ್ಳದೆ, ಬಾವಿಗೆ ಹೊರಟಿದ್ದ ಏಳೆಂಟು ಹೆಂಗಸರ ನಡುವೆ ಹಾದು ಓಡಿದ.

"ಯಾರಕ್ಕ ಅದು?"

"ಮುಖ ಕಾಣ್ನಿಲ್ಲ ಕಣವ್ವ."

"ಮುಖ ಯಾಕ್ ಬೇಕು? ಕ್ಯಾಮ್ರಾ ಅಲ್ಲೇ ನಿಂತದಲ್ಲ."

ಆ ಗುಂಪಿನಲ್ಲಿ ಅವನ ಹೆಂಡತಿ ಅಶ್ವತ್ಥಮ್ಮನೂ ಇದ್ದಳು. ಖಾಲಿ ಬಿಂದಿಗೆಯೊಳಗೆ ಏನೋ ಬಿದ್ದಂತೆ ಅವಳು ಬಹಳ ಹೊತ್ತು ಬಗ್ಗಿ ನೋಡುತ್ತ ನಿಂತಳು.

ಎರಡನೇ ಮಹಾಯುದ್ಧಕ್ಕೆ ಮುಂಚೆ ಆವುಲಪ್ಪ ಆರು ವರ್ಷ ಬೆಂಗಳೂರಿನ ದಂಡಿನಲ್ಲಿ ಒಂದು ಫೋಟೋ ಸ್ಟುಡಿಯೋದಲ್ಲಿ ಆಳಾಗಿದ್ದ. ದಂಡಿನಲ್ಲಿ ಕಳೆದದ್ದು ದಂಡವಾಯಿತು ಎಂದು ಊರು ಹೇಳಿತು. ಸ್ಟುಡಿಯೋದ ಯಜಮಾನ ಅಂಗಡಿ ಮುಚ್ಚಿ ತನ್ನ ದೇಶಕ್ಕೆ ಹೋಗುವಾಗ, ಯಾರಿಗೂ ಬೇಡವಾಗಿದ್ದ ಒಂದು ಮರದ ಕ್ಯಾಮೆರಾವನ್ನು ಇವನ ಕೈಗಿಟ್ಟು ಹೋದ. ಅದಕ್ಕೆ ಕೀಲು, ಗುಂಡಿ ಏನೂ ಇಲ್ಲ. ಕಣ್ಣಿನ ಮೇಲಿನ ಹಿತ್ತಾಳೆ ಮುಚ್ಚಳ ತೆಗೆಯುವುದು, ಎಣಿಸುವುದು, ಮತ್ತೆ ಮುಚ್ಚುವುದು. ಗಿರಾಕಿಗಳು ಅಲುಗಾಡದಿರಲೆಂದು ಯಜಮಾನ ಗಟ್ಟಿಯಾಗಿ ಎಣಿಸುತ್ತಿದ್ದ. ಆಳಿಗೂ ಅದೇ ಅಭ್ಯಾಸವಾಯಿತು. ಎದುರಿಗಿರುವ ಗಿರಾಕಿ ದುಂಬಿಯಾದರೂ ಆವುಲಪ್ಪ ಗಟ್ಟಿಯಾಗಿಯೇ ಎಣಿಸುತ್ತಿದ್ದ.

ಊರಿಗೆ ಬಂದವನು ಕ್ಯಾಮೆರಾದ ಮುಂದಕ್ಕೆ ಚಾಚುವ ಮಡಿಕೆ ಮಡಿಕೆಯ ತಿದಿಗೆ ಹಳೇ ಛತ್ರಿಯ ಬಟ್ಟೆ ಹೊಲಿದು ಮೂರರಷ್ಟು ಉದ್ದ ಮಾಡಿದ. ತಿದಿ ಉದ್ದವಾದಷ್ಟೂ ಹುಳು ದೊಡ್ಡದಾಗಿ ಕಾಣುತ್ತದೆ, ಬೆಳಕು ಮಾತ್ರ ಕಡಿಮೆಯಾಗುತ್ತದೆ. ಮನುಷ್ಯರಿಗೆ ಎರಡು ಎಣಿಸಿದರೆ ಸಾಕಾಗಿದ್ದ ಪಟ, ಜೇಡಕ್ಕೆ ಇಪ್ಪತ್ತು ಬೇಡುತ್ತಿತ್ತು. ಒಂದು ಎಣಿಕೆಗೆ ಒಂದು ತುಂಬು ಉಸಿರು. ಅಷ್ಟು ಹೊತ್ತು ಗಾಳಿ ಬೀಸಬಾರದು, ಹುಳು ಅಲುಗಬಾರದು, ಮುಕ್ಕಾಲಿಯ ಕಾಲುಗಳ ನಡುವೆ ತನ್ನ ಕಾಲು ಸಿಕ್ಕಿಸಿ ನಿಂತ ಆವುಲಪ್ಪನಂತೂ ಅಲುಗಲೇಬಾರದು.

ಅವನ ಪಟಗಳನ್ನು ನೋಡಿದವರು ಆ ಹೊತ್ತಿನ ಊಟ ಬಿಡುತ್ತಿದ್ದರು. ಹೂವಿನ ಮೇಲೆ ಕೂತ ಚಿಟ್ಟೆ ಅವನಿಗೆ ಬೇಡ. ಅದೇ ಚಿಟ್ಟೆಯ ಕುತ್ತಿಗೆಗೆ ಹೂವಿನ ಬಣ್ಣದ್ದೇ ಆದ ಜೇಡ ಬಾಯಿ ಹಾಕಿರಬೇಕು. ಪ್ರಾರ್ಥನೆಗೆ ಕೂತ ಸಿಸ್ಟರಮ್ಮನಂತೆ ಕೈ ಜೋಡಿಸಿಕೊಂಡಿರುವ ಹಸಿರು ಹುಳು, ಆ ಜೋಡಿಸಿದ ಕೈಗಳ ನಡುವೆ ಜೇನುಹುಳುವಿನ ತಲೆಯನ್ನು ಹಿಡಿದಿರಬೇಕು. ಕಣಜದ ಹುಳುವಿಗೆ ಆ ಹೆಸರನ್ನು ಯಾರಿಟ್ಟರೋ, ತಿಳಿದೇ ಇಟ್ಟಿದ್ದಾರೆ ಎನ್ನುತ್ತಿದ್ದ. ಅದು ಮಣ್ಣಿನ ಗೂಡು ಕಟ್ಟಿ, ಕಂಬಳಿಹುಳುಗಳನ್ನು ಚುಚ್ಚಿ, ಸಾಯಿಸದೆ, ಅಲುಗದ ಹಾಗೆ ಮಾಡಿ ತುಂಬಿಡುತ್ತದೆ. ಮರಿ ಹುಟ್ಟಿ ತಿನ್ನುವಾಗಲೂ ಆಹಾರ ಜೀವಂತವಾಗಿಯೇ ಇರುತ್ತದೆ. ಗೂಡನ್ನು ಒಡೆದು ತೆಗೆದ ಆ ಪಟವನ್ನು ಅಶ್ವತ್ಥಮ್ಮ ಗೋಡೆಗೆ ಮುಖ ಮಾಡಿ ಇಟ್ಟಿದ್ದಳು.

"ಒಳ್ಳೇದೇನೂ ಕಾಣಾಕಿಲ್ವ ನಿನ್ ಕಣ್ಗೆ?" ಎಂದು ಅವಳು ಕೇಳಿದ್ದಳು.

"ಒಳ್ಳೇದು ನಿಲ್ಲಾಕಿಲ್ಲ ಕಣೆ. ತಿನ್ನೋವಾಗ್ಲೇ ಅವು ನೆಟ್ಟಗೆ ನಿಲ್ಲೋದು."

ಕೊಲ್ಲುವುದು ತಿನ್ನುವುದು ಆವುಲಪ್ಪನಿಗೆ ತೋಟದಲ್ಲೇ ಮೊದಲು ಕಂಡದ್ದಲ್ಲ. ಅವನ ಅಪ್ಪ ಚಿನ್ನಪ್ಪ ಕಾಲುವೆ ನೀರಿನ ಸರದಿಯ ಜಗಳದಲ್ಲಿ, ಗುದ್ದಲಿಯ ಏಟಿಗೆ ತಲೆ ಎರಡಾಗಿ, ಹರಿಯುವ ನೀರಿಗೇ ಬಿದ್ದು ಸತ್ತ. ಆ ದಿನ ಇವರ ಸರದಿಯ ನೀರು ಕೆಂಪಾಗಿ ಹೊಲಕ್ಕೆ ಬಂತು. ಅಪ್ಪನ ಹೊಲದಲ್ಲಿ ಇಬ್ಬರು ಮಕ್ಕಳಿಗೂ ಪಾಲಾಯಿತು. ಅಪ್ಪನ ಕೈ ಮಾತ್ರ ಇಡಿಯಾಗಿ ಹಿರಿಯ ಮಗ ದಾಸಪ್ಪನಿಗೆ ಬಂತು. ದಾಸಪ್ಪ ಗಾಣದವನ ಮೂರು ಹಲ್ಲು ಉದುರಿಸಿದ್ದ. ಪಕ್ಕದ ಹೊಲದ ನಾಯಿಯನ್ನು ಒಂದೇ ಏಟಿಗೆ ಮಲಗಿಸಿದ್ದ. ಅವನ ಚಾವಟಿಗೆ ಅವನ ಎತ್ತೇ ಒಂದು ಕಣ್ಣು ಕಳೆದುಕೊಂಡಿತ್ತು. ಹೆಂಡತಿಯ ಹೆಸರು ಭದ್ರಮ್ಮ. ಆ ಮನೆಯಲ್ಲಿ ಅವಳಿಗೆ ಭದ್ರತೆಯೊಂದು ಬಿಟ್ಟು ಬೇರೆಲ್ಲ ಇತ್ತು. ಸೊಟ್ಟಗೆ ಕೂಡಿಕೊಂಡ ಎಡಗೈ ಮಣಿಕಟ್ಟನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುತ್ತಿದ್ದಳು.

ಹೊಸೂರು ಸೀಮೆಯ ಎಲ್ಲರಂತೆ ದಾಸಪ್ಪನಿಗೂ ಮೂರು ಭಾಷೆ ಬರುತ್ತಿತ್ತು. ಮನೆಗೆ ಕನ್ನಡ, ಕಚೇರಿಗೆ ತಮಿಳು, ಹೊಡೆಯುವುದಕ್ಕೆ ಮುಂಚೆ ತೆಲುಗು. ಅವನು ತೆಲುಗಿಗೆ ತಿರುಗಿದ ಕೂಡಲೇ ತಿಳಿದವರು ಜಾಗ ಖಾಲಿ ಮಾಡುತ್ತಿದ್ದರು.

ಇಬ್ಬರ ಹೊಲಗಳ ನಡುವೆ ಒಂದು ಬೇಲಿ ಇತ್ತು. ಕತ್ತಾಳೆ, ಲಂಟಾನ, ಅದರ ಮೇಲೆ ಹಬ್ಬಿದ ಕಾಡು ಹಾಗಲ. ಅದು ತನ್ನ ನೆಲದಲ್ಲಿ ಎರಡು ಮೊಳ ಒಳಕ್ಕೆ ನಿಂತಿದೆ ಎಂದು ದಾಸಪ್ಪ ಹೇಳುತ್ತಿದ್ದ. ಆವುಲಪ್ಪನಿಗೆ ಎರಡು ಮೊಳದ ಚಿಂತೆ ಇರಲಿಲ್ಲ. ಅವನ ಹುಳುಗಳೆಲ್ಲ ಆ ಬೇಲಿಯಲ್ಲೇ ಇದ್ದವು. ಅದರಲ್ಲೂ ಅಂಗೈ ಅಗಲದ ಒಂದು ಹೆಣ್ಣು ಜೇಡ, ಹಳದಿ ಪಟ್ಟೆಯದು, ಬಿಸಿಲಿಗೆ ಬಂಗಾರದ ನೂಲಿನಂತೆ ಹೊಳೆಯುವ ಬಲೆ ಕಟ್ಟಿಕೊಂಡು ಕೂತಿತ್ತು. ಅದರ ಗಂಡು ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಹತ್ತಿರ ಬಂದು, ಬಂದ ಕೆಲಸ ಮುಗಿಸಿ ಬೇಗ ಓಡದಿದ್ದರೆ ಹೆಂಡತಿಗೇ ಊಟವಾಗುತ್ತದೆ. ಆ ಊಟದ ಪಟ ತೆಗೆಯಬೇಕೆಂದು ಆವುಲಪ್ಪ ಮೂರು ಮಳೆಗಾಲ ಕಾದಿದ್ದ. ಯುದ್ಧ ಮುಗಿದು ವರ್ಷವಾದರೂ ಬೆಂಗಳೂರಿನಲ್ಲಿ ಪಟ ಮೂಡುವ ಗಾಜಿನ ಪ್ಲೇಟು ಸಿಗುತ್ತಿರಲಿಲ್ಲ. ಅವನ ಹತ್ತಿರ ಉಳಿದಿದ್ದದ್ದು ಒಂದೇ ಒಂದು.

"ನಾಳಿದ್ದು ಬೆಳಿಗ್ಗೆ ಬೇಲಿ ಕಡೀತೀನಿ ಕಣ್ಲಾ," ಎಂದು ದಾಸಪ್ಪ ಬದುವಿನ ಆಚೆಯಿಂದ ಕೂಗಿ ಹೇಳಿದ. "ಹಾವು ಚೇಳು ಸಾಕೊಂಡು ಕುಂತವ್ನೆ. ನಿನ್ ಜೇಡಪ್ಪನ್ಗೂ ಹೇಳ್ಬುಡು, ಗಂಟುಮೂಟೆ ಕಟ್ಕಳ್ಳಿ."

"ಜೇಡಪ್ಪ ಅಲ್ಲಣ್ಣೋ, ಜೇಡಮ್ಮ. ಇನ್ನೊಂದು ವಾರ ಬುಡು."

"ಒಂದು ಗಳಿಗೇನೂ ಬುಡಾಕಿಲ್ಲ."

ನಾಳಿದ್ದು ಬೆಳಗಾಯಿತು. ಗಾಳಿ ಇಲ್ಲ. ಬಲೆಯ ನಡುವೆ ಗಂಡು ಬಂದು, ಕೆಲಸ ಮುಗಿಸಿ, ಅರೆಗಳಿಗೆ ತಡಮಾಡಿತು. ಹೆಣ್ಣು ಹೊರಳಿ ಅದನ್ನು ಹಿಡಿಯಿತು. ಕಾಲುಗಳನ್ನು ಒಟ್ಟುಗೂಡಿಸಿ ನೂಲಿನಲ್ಲಿ ಸುತ್ತಿ, ಎದೆಗೆ ಬಾಯಿ ಹಚ್ಚಿ, ಕಲ್ಲಿನಂತೆ ಕೂತು ಹೀರತೊಡಗಿತು. ಆವುಲಪ್ಪ ಕರಿ ಬಟ್ಟೆಯಿಂದ ತಲೆ ಹೊರಗೆ ತೆಗೆದು, ಪ್ಲೇಟು ಕೂರಿಸಿ, ಅದಕ್ಕೆ ಬೆಳಕು ತಾಗದಂತೆ ಮುಚ್ಚಿದ್ದ ತಗಡು ಎಳೆದು, ಮುಚ್ಚಳ ತೆಗೆದ.

"ಒಂದು."

ಹಿಂದಿನಿಂದ ದಾಸಪ್ಪನ ಹೆಜ್ಜೆ ಕೇಳಿಸಿತು. ಸೊಂಟದಲ್ಲಿ ಮಚ್ಚು, ಕೈಯಲ್ಲಿ ಗುದ್ದಲಿಯ ಕಾವು. ಅಲಗು ಕಳಚಿ ಮನೆಯಲ್ಲಿಟ್ಟು ಬಂದಿದ್ದ. ತಮ್ಮನ ಬಗ್ಗೆ ಅವನಿಗೆ ಅಷ್ಟು ಕನಿಕರವಿತ್ತು.

"ಸರ್ಕೊಳ್ಳೋ ಪಕ್ಕಕ್ಕೆ," ಎಂದ.

"ಎರಡು," ಎಂದ ಆವುಲಪ್ಪ.

"ನಿಂಗೇ ಹೇಳ್ತಿರೋದು. ಕಿವುಡ್ನಾ ನೀನು?"

"ಮೂರು."

ಆರರವರೆಗೂ ದಾಸಪ್ಪ ಕನ್ನಡದಲ್ಲೇ ಇದ್ದ. ಆಮೇಲೆ, "ಒರೇ, ಇಟು ಚೂಡ್ರಾ" ಎಂದ. ಈ ಕಡೆ ನೋಡು ಎಂದು. ಆವುಲಪ್ಪ ನೋಡಲಿಲ್ಲ. ಕಾವು ಎಡ ಭುಜದ ಮೇಲೆ ಬಿತ್ತು. ಹಸಿ ಜೋಳದ ದಂಟು ಮುರಿದ ಸದ್ದಾಗಿ ಕೊರಳಿನ ಮೂಳೆ ಚರ್ಮದ ಕೆಳಗೆ ಮೇಲೆದ್ದಿತು.

"ಏಳು," ಎಂದ ಆವುಲಪ್ಪ, ಹಲ್ಲು ಕಚ್ಚಿ.

"ಏನ್ಲಾ ಏಳು? ಒಂದೇಟಿಗೆ ಏಳು ಅಂತೀಯಲ್ಲ?"

"ಎಂಟು."

ಎರಡನೆಯದು ಪಕ್ಕೆಗೆ. ಒಳಗೆ ಏನೋ ಚಿಟಿಲ್ ಎಂದಿತು, ಉಸಿರು ಅರ್ಧಕ್ಕೆ ನಿಂತಿತು. ಉಳಿದರ್ಧದಲ್ಲಿ ಆವುಲಪ್ಪ "ಒಂಬತ್ತು" ಎಂದ. ಅವನ ಕಣ್ಣು ಜೇಡದ ಮೇಲಿತ್ತು. ಅದು ಅಲುಗಿರಲಿಲ್ಲ.

"ಎರಡೇ ಕಣ್ಲಾ ಹೊಡ್ದಿರೋದು," ಎಂದು ದಾಸಪ್ಪ ಅರಚಿದ. ಅನ್ಯಾಯವಾದವನ ದನಿ ಅದು.

"ಹತ್ತು."

ಮೂರನೆಯದು ತಲೆಗೆ. ಚರ್ಮ ಬಿರಿದು ರಕ್ತ ಹುಬ್ಬಿನಿಂದ ಕಣ್ಣಿಗೆ, ಕಣ್ಣಿನಿಂದ ಗಡ್ಡಕ್ಕೆ, ಗಡ್ಡದಿಂದ ಕೈಯಲ್ಲಿದ್ದ ಹಿತ್ತಾಳೆ ಮುಚ್ಚಳದೊಳಕ್ಕೆ ತೊಟ್ಟಿಕ್ಕಿತು. "ಹನ್ನೊಂದು," ಎಂದ ಆವುಲಪ್ಪ. ಕಾವು ನಾಲ್ಕನೇ ಸಲ ಮೇಲೆದ್ದು ಅಲ್ಲೇ ನಿಂತಿತು. "ಹನ್ನೆರಡು," ಎಂದ. ಯಾರೂ ಹೊಡೆದಿರಲಿಲ್ಲ. "ಹದಿಮೂರು." ದಾಸಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಹದಿನೆಂಟಕ್ಕೆ ಕಾವು ಕೆಳಗೆ ಬಿತ್ತು. ಹತ್ತೊಂಬತ್ತಕ್ಕೆ ಅದರ ಪಕ್ಕದಲ್ಲೇ ದಾಸಪ್ಪ ಕುಸಿದು, ಮೊಣಕಾಲಿನ ನಡುವೆ ತಲೆಯಿಟ್ಟು ಅಳತೊಡಗಿದ.

"ಇಪ್ಪತ್ತು," ಎಂದು ಆವುಲಪ್ಪ ಮುಚ್ಚಳ ಹಾಕಿದ. ತಗಡು ಇಳಿಸಿದ. ತಿರುಗಿ ಅಣ್ಣನ ಕಡೆಗೆ ಎರಡು ಹೆಜ್ಜೆ ಇಟ್ಟು, ಬಿದ್ದ.

ಅಷ್ಟರಲ್ಲಿ ಓಡಿಬಂದಿದ್ದ ಅಕ್ಕಪಕ್ಕದ ಹೊಲದವರು ಈ ಎರಡು ಹೆಜ್ಜೆಯನ್ನು ಕಣ್ಣಾರೆ ಕಂಡರು. ರಕ್ತ ಸುರಿಯುತ್ತಿದ್ದರೂ ಹೊಡೆದವನನ್ನು ಅಪ್ಪಿಕೊಳ್ಳಲು ಹೋದ ತಮ್ಮನ ಸುದ್ದಿ ಮಧ್ಯಾಹ್ನಕ್ಕೆ ರಾಯಕೋಟೆ ಮುಟ್ಟಿತು, ಸಂಜೆ ಬಸ್ಸಿನಲ್ಲಿ ಹೊಸೂರಿಗೆ ಹೋಯಿತು. ದಾಸಪ್ಪ ತಾನೇ ತಮ್ಮನನ್ನು ಬೆನ್ನ ಮೇಲೆ ಹೊತ್ತು ಗಾಡಿಗೆ ಹಾಕಿ ಮೂಳೆ ಕಟ್ಟುವವನ ಮನೆಗೆ ಒಯ್ದ. ಬಿದಿರ ದಬ್ಬೆ ಕಟ್ಟಿಸಿಕೊಂಡು ಮಲಗಿದ ಆವುಲಪ್ಪನನ್ನು ನೋಡಲು ಜನ ಬಂದರು. ಬಂದವರು ಕಾಲು ಮುಟ್ಟಿ ಹೋದರು.

"ಸತ್ಯಾಗ್ರಹ ಅಂದ್ರೆ ಇದು ಕಣ್ರಪ್ಪ," ಎಂದ ಖಾದಿಯ ವೆಂಕಟರಾಮಪ್ಪ. ಎರಡು ಸಲ ಜೈಲಿಗೆ ಹೋಗಿಬಂದು ಊರಿಗೆ ದೊಡ್ಡವನಾದ ಮನುಷ್ಯ ಅವನು. "ನಾವು ಓದಿದ್ದು, ಇವ್ನು ಮಾಡ್ದ."

ಎಂಟನೇ ದಿನ ಆವುಲಪ್ಪ ಒಂದೇ ಕೈಯಲ್ಲಿ ಪ್ಲೇಟನ್ನು ಮದ್ದಿನ ನೀರಿನಲ್ಲಿ ತೊಳೆದ. ಅಶ್ವತ್ಥಮ್ಮ ಕಂದೀಲಿಗೆ ಕೆಂಪು ಬಟ್ಟೆ ಕಟ್ಟಿ ಹಿಡಿದಿದ್ದಳು. ಗಾಜಿನ ಮೇಲೆ ಜೇಡ ನಿಧಾನವಾಗಿ ಮೂಡಿತು. ಅದಕ್ಕೆ ಹದಿನಾರು ಕಾಲಿದ್ದವು. ಬಾಯಲ್ಲಿದ್ದ ಗಂಡ ಇಬ್ಬರಾಗಿದ್ದ. ಮೂರು ಏಟಿನಲ್ಲಿ ಯಾವುದೋ ಒಂದು ಮುಕ್ಕಾಲಿಗೂ ತಗಲಿ ಕ್ಯಾಮೆರಾ ಅಲುಗಿತ್ತು.

ಆವುಲಪ್ಪ ಪ್ಲೇಟನ್ನು ಬೆಳಕಿಗೆ ಹಿಡಿದು ಕಾಲುಗಳನ್ನು ಎರಡು ಸಲ ಎಣಿಸಿದ.

"ಬೇಲಿ ಉಳ್ಕೊಂಡ್ರೆ ಬರೋ ವರ್ಷ ತೆಕ್ಕೊಳ್ಳುವಂತೆ ಬುಡು," ಎಂದಳು ಅಶ್ವತ್ಥಮ್ಮ.

ಬೇಲಿ ಉಳಿಯುವ ಹಾಗೇ ಇತ್ತು. ಬೇಲಿಯೂ ಅದರ ಬುಡದ ಎರಡು ಮೊಳ ನೆಲವೂ ತಮ್ಮನಿಗೇ ಸೇರಿದ್ದು ಎಂದು ಬರೆದುಕೊಡಲು ದಾಸಪ್ಪ ತಾನಾಗಿ ಒಪ್ಪಿದ್ದ. ಅಮಾವಾಸ್ಯೆ ಕಳೆದ ಮೇಲೆ ಅರಳಿಕಟ್ಟೆಯ ಬಳಿ ಊರು ಸೇರಿತು. ವೆಂಕಟರಾಮಪ್ಪ ನಡುವೆ ಕೂತ. ಊರಿನ ಲೆಕ್ಕ ಬರೆಯುವ ಕರ್ಣಂ ಪತ್ರ ಓದಿ ಹೇಳಿ, ಮಸಿ ಮುಂದಿಟ್ಟ. ದಾಸಪ್ಪ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡವನು, ಒತ್ತುವ ಮುಂಚೆ ಎದ್ದು ನಿಂತ.

"ಒಂದ್ ಮಾತು ಹೇಳ್ಬೇಕು ಅಣ್ಣೋ. ನಾನ್ ಹೊಡ್ದಿದ್ದು ಮೂರೇಟು. ಇವ್ನು ಮೊದಲೇಟಿಗೇ ಏಳು ಅಂದ. ಹಿಂದಿಂದೆಲ್ಲ ಸೇರಿಸ್ಕೊಂಡು ಎಣಿಸ್ತಾವ್ನೆ ಅಂತ ನಂಗ್ ಆಮೇಲ್ ಹೊಳೀತು. ಹನ್ನೆರಡು ಅಂದಾಗ ಸಣ್ಣೋರಿದ್ದಾಗ ಇವನ್ನ ಬಾವೀಗೆ ತಳ್ಳಿದ್ದು ನೆಪ್ಪಾಯ್ತು. ಹದಿಮೂರಕ್ಕೆ ಕಾದ ಸೌಟಿಕ್ಕಿದ್ದು. ಒಂದೊಂದ್ಕೂ ಒಂದೊಂದು ಬಂತು. ಹದಿನೆಂಟು ಅಂದ." ದಾಸಪ್ಪ ಮುಂಗೈಯಿಂದ ಮೂಗೊರೆಸಿಕೊಂಡ. "ಅವ್ವನ್ ಕೈ ಮುರ್ದೋನು ನಾನು. ಇವ್ನೇ ಮುರ್ದ ಅಂತ ಅಪ್ಪನ್ಗೆ ಹೇಳಿದ್ದೆ. ಅಪ್ಪ ಇವನ್ನ ಕಂಬಕ್ಕೆ ಕಟ್ಟಿ ಬಾರುಕೋಲಲ್ಲಿ ರಕ್ತ ಬರೋಗಂಟ ಹೊಡ್ದ. ಇವ್ನು ಬಾಯಿ ಬುಡ್ನಿಲ್ಲ. ಅದ್ನೂ ಎಣಿಸ್ಕೊಂಡವ್ನೆ. ಎಣಿಸ್ಕೊಂಡೂ ಕೈ ಎತ್ನಿಲ್ಲ."

ಹೆಂಗಸರು ಸೆರಗು ಕಣ್ಣಿಗೊತ್ತಿದರು. ಕಟ್ಟೆಯ ತುದಿಯಲ್ಲಿ ನಿಂತಿದ್ದ ಭದ್ರಮ್ಮ ಗಂಡನನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಕರ್ಣಂ ಕೂಡ ಕನ್ನಡಕ ಒರೆಸಿಕೊಂಡ. ಆವುಲಪ್ಪ ಮಾತ್ರ ಅಣ್ಣನ ಮುಖವನ್ನೇ ನೋಡುತ್ತಿದ್ದ. ಅಣ್ಣ ಹೇಳಿದ್ದರಲ್ಲಿ ಅವನು ಎಣಿಸಿದ್ದು ಒಂದೂ ಇರಲಿಲ್ಲ, ಮರೆತಿದ್ದದ್ದೂ ಒಂದೂ ಇರಲಿಲ್ಲ.

ದಾಸಪ್ಪ ಪತ್ರದ ಮೇಲೆ ಬಗ್ಗಿದ. ಹೆಬ್ಬೆಟ್ಟಿಗೂ ಕಾಗದಕ್ಕೂ ಒಂದು ಗೇಣು ಅಂತರ ಉಳಿದಿತ್ತು. ಇಂಥ ಗಳಿಗೆ ಸುಮ್ಮನೆ ಹೋಗಬಾರದೆಂದು ವೆಂಕಟರಾಮಪ್ಪನಿಗೆ ಅನ್ನಿಸಿತು. ಕೈ ಎತ್ತಿ ಸಭೆಯನ್ನು ಸುಮ್ಮನಾಗಿಸಿ, "ಆವುಲಪ್ಪ, ಊರಿಗೆಲ್ಲ ಕೇಳೋ ಹಾಗೆ ನೀನೇ ಹೇಳ್ಬುಡಪ್ಪ," ಎಂದ. "ಒಡಹುಟ್ಟಿದೋನು ಮೂಳೆ ಮುರಿಯೋ ಹಂಗೆ ಹೊಡೀತಾ ಇದ್ರೂ, ತಿರುಗಿ ಒಂದೇಟು ಹೊಡೀಬೇಕು ಅಂತ ನಿಂಗ್ಯಾಕೆ ಅನ್ನಿಸ್ನಿಲ್ಲ?"

ಏನಾದರೂ ಒಳ್ಳೆಯದು ಹೇಳು ಎಂದು ಅಶ್ವತ್ಥಮ್ಮ ಹಿಂದಿನಿಂದ ಬೆನ್ನು ಚಿವುಟಿದಳು. ಚಿವುಟಿದ್ದು ಮುರಿದ ಪಕ್ಕೆಯ ಕಡೆ. ಆವುಲಪ್ಪ ಮುಖ ಹಿಂಡಿ, ಉಸಿರು ಸರಿಮಾಡಿಕೊಂಡು ಬಾಯಿ ತೆರೆದ.

"ಅನ್ನಿಸ್ತು ಸ್ವಾಮಿ. ಮುಚ್ಚಳ ತೆಗೆದಿದ್ನಲ್ಲ, ಇಪ್ಪತ್ತು ಆಗ್ಲಿ ಅಂತ ತಡ್ಕೊಂಡಿದ್ದೆ. ಆದ್ ಕೂಡ್ಲೇ ಆ ಕಾವು ಎತ್ಕೊಂಡು ಇವನ್ ತಲೆಗೇ ಇಕ್ಕೋಣ ಅಂತ ಎರಡೆಜ್ಜೆ ಬಂದೆ, ಅಷ್ಟ್ರಲ್ಲಿ ನಂಗೇ ಕಣ್ ಕತ್ಲೆ ಬಂದ್ಬುಡ್ತು."