ಮರಿ ಹಾಕುತ್ತದಾ ಎಂದು ಕೇಳಿದವರು

ಸಕಲೇಶಪುರದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಹಿಂಡಿ ಬೂಸಾ ಮಾರುವ ಎಲೈನ್ ಬಾಯಮ್ಮನಿಗೆ ಮನುಷ್ಯರೆಂದರೆ ಅಷ್ಟಕ್ಕಷ್ಟೆ. ದ್ವೇಷವೇನೂ ಇಲ್ಲ. ದ್ವೇಷಿಸಬೇಕಾದರೆ ಎದುರಿನವರಲ್ಲಿ ಸ್ವಲ್ಪವಾದರೂ ತೂಕ ಇರಬೇಕು ಎಂಬುದು ಅವರ ಅಭಿಪ್ರಾಯ. ಗಿರಾಕಿ ಮೆಟ್ಟಿಲು ಇಳಿಯುವವರೆಗೆ ಸುಮ್ಮನಿದ್ದು, ಆಮೇಲೆ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕೂತ ನನ್ನ ಕಡೆ ತಿರುಗುತ್ತಾರೆ.

"ನೋಡಿದ್ಯಾ ಬಿಂದು? ಹಸು ಹಾಲು ಕೊಡುವಾಗ ಒಳ್ಳೇ ಹಿಂಡಿ, ಬತ್ತಿದ ಮೇಲೆ ಒಣಹುಲ್ಲು. ಇವನ ಹೆಂಡತಿಯ ಗತಿ ಏನೋ."

ಊರಿನವರ ಯೋಗ್ಯತೆಯನ್ನು ಅವರವರ ಹಸುವಿನ ಪಕ್ಕೆಲುಬು ನೋಡಿ ಹೇಳುವ ಹೆಂಗಸು. ತಂದೆ ಹಾನುಬಾಳು ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಚಿಕ್ಕಂದಿನಲ್ಲಿ ಎಸ್ಟೇಟಿನ ಜೀಪಿನಿಂದ ಬಿದ್ದು ಬಾಯಮ್ಮನ ಒಂದು ಕಾಲು ಸಣ್ಣಗೆ ಎಳೆಯುತ್ತದೆ. ಮಂಗಳೂರಿನಿಂದ ಹೆಣ್ಣು ನೋಡಲು ಬಂದವರು ಕಾಫಿ ಕುಡಿದು, ಕೇಕು ತಿಂದು, "ಹುಡುಗಿ ಅಂಗಳದಲ್ಲಿ ಸ್ವಲ್ಪ ನಡೆದು ತೋರಿಸಲಿ" ಎಂದರಂತೆ. ಅವರು ನಡೆದು ತೋರಿಸಿದರು. ಬಂದು ನಿಂತು, "ಈಗ ನಿಮ್ಮ ಹುಡುಗ ಒಂದು ಸಲ ಓಡಿ ತೋರಿಸಲಿ. ಹೊಟ್ಟೆ ನೋಡಿದರೆ ಅನುಮಾನ ಉಂಟು" ಎಂದರಂತೆ. ಆಮೇಲೆ ಯಾರೂ ಬರಲಿಲ್ಲ. ಬಂದಿದ್ದರೂ ಬಾಗಿಲು ತೆಗೆಯುತ್ತಿರಲಿಲ್ಲ ಎಂದು ಅವರು ಹೇಳುವುದನ್ನು ನಾನು ನಂಬುತ್ತೇನೆ.

ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅವರ ವಾಸ, ಜೊತೆಗೆ ಟೈಗರ್ ಎಂಬ ಮುದಿ ಬೀದಿನಾಯಿ. ಕಾಲು ಮುರಿದದ್ದು, ಕಣ್ಣು ಹೋದದ್ದು, ಗಾಡಿಯಿಂದ ತಳ್ಳಿಸಿಕೊಂಡದ್ದು, ಯಾವ ನಾಯಿಯಾದರೂ ಕೊನೆಗೆ ಅವರ ಬೂಸಾ ಗೋಡೌನಿಗೇ ಬಂದು ಸೇರುತ್ತದೆ. ಯಾರಾದರೂ "ನೀವು ದೊಡ್ಡ ಪ್ರಾಣಿಪ್ರಿಯರು" ಎಂದು ಹೊಗಳಿದರೆ ಅವರಿಗೆ ಮೈ ಉರಿಯುತ್ತದೆ. "ಪ್ರೀತಿ ಗೀತಿ ಏನಿಲ್ಲ. ನೀವು ನೋಡಲ್ಲ, ಅದಕ್ಕೆ ನಾನು ನೋಡಬೇಕಾಗ್ತದೆ" ಎನ್ನುತ್ತಾರೆ. ವಾಸಿಯಾದ ನಾಯಿಗೆ ಮನೆ ಹುಡುಕುವುದೂ ಅವರೇ. ಮಗಳನ್ನು ಕೊಡುವವರಂತೆ ಹೋಗಿ ಮನೆ ನೋಡಿ, ಅಂಗಳ ನೋಡಿ, ಮನೆಯವರ ಮುಖ ನೋಡಿ, ಹತ್ತರಲ್ಲಿ ಒಂಬತ್ತು ಮನೆಗಳನ್ನು ಬೇಡವೆಂದು ಬರುತ್ತಾರೆ. ಅವರನ್ನು ಕರೆದುಕೊಂಡು ಹೋಗುವುದು ನನ್ನ ಗಂಡನ ಕೇಟರಿಂಗಿನ ಓಮ್ನಿ, ಓಡಿಸುವುದು ನಾನು.

ಎರಡು ವರ್ಷದ ಹಿಂದೆ, ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ, ದೋಣಿಗಲ್ಲಿನಲ್ಲಿ ಟೀ ಅಂಗಡಿ ಇಟ್ಟಿರುವ ಹುಚ್ಚಣ್ಣ ಫೋನ್ ಮಾಡಿದ.

"ಬಾಯಮ್ಮ, ಯಾರೋ ಬಿಳೀ ಕಾರ್ನೋರು ಒಂದ್ ದೊಡ್ಡ ನಾಯಿ ಇಳಿಸ್ಬುಟ್ಟು ಹೋದ್ರು ಕಣಮ್ಮ. ಬಿಸ್ಕೆಟ್ ಪ್ಯಾಕೆಟ್ ಒಡೆದು ಮುಂದಿಟ್ರು. ಅದು ತಿಂತಾ ಇದ್ದಂಗೇ ಗಾಡಿ ಎತ್ಬುಟ್ರು. ಈಗ ಬಿಳೀ ಕಾರ್ ಬಂದ್ರೆ ಸಾಕು, ಹಿಂದೆ ಓಡ್ತೈತೆ. ಲಾರಿಗೆ ಸಿಕ್ಕಿ ಸಾಯ್ತೈತೆ ಅಷ್ಟೆ."

ನಾವು ಹೋದಾಗ ಅದು ರಸ್ತೆ ಪಕ್ಕ ಏದುಸಿರು ಬಿಡುತ್ತ ನಿಂತಿತ್ತು. ಹಳದಿ ಬಣ್ಣದ ಲ್ಯಾಬ್ರಡಾರ್, ಹೆಣ್ಣು. ಮೊಲೆಗಳು ನೆಲ ಮುಟ್ಟುವಷ್ಟು ಜೋತಿದ್ದವು. ಮೊಣಕೈಗಳಲ್ಲಿ ಕೂದಲು ಉದುರಿ ಚರ್ಮ ದಡ್ಡುಗಟ್ಟಿತ್ತು. ಎರಡೂ ಕಿವಿಯಿಂದ ಕೀವು. ಬಾಯಮ್ಮ ಬಿಸ್ಕೆಟ್ ಪ್ಯಾಕೆಟ್ಟನ್ನು ಕಾಲಿನಿಂದ ಚರಂಡಿಗೆ ತಳ್ಳಿದರು.

"ಪಾಪ ತೊಳೆದುಕೊಳ್ಳೋಕೆ ಬಿಸ್ಕೆಟ್. ಇಷ್ಟರಲ್ಲಿ ಶಿರಾಡಿ ಇಳಿದು ಯಾವುದೋ ದೇವರಿಗೆ ಕೈ ಮುಗೀತಿರ್ತಾರೆ."

ಪಶು ಡಾಕ್ಟರು ನೋಡಿ, ಇದನ್ನು ಮರಿ ಮಾರುವವರು ಬೋನಿನಲ್ಲಿಟ್ಟು ಬೆದೆಗೊಂದು ಸೂಲು ಹಾಕಿಸಿದ್ದಾರೆ, ಈಗ ವಯಸ್ಸಾಯಿತು, ಎಸೆದಿದ್ದಾರೆ ಎಂದರು. ಗರ್ಭಕೋಶದಲ್ಲಿ ಸೋಂಕಿತ್ತು. ಔಷಧಿಯಲ್ಲಿ ಅದು ಇಳಿದು, ಮೈಯಲ್ಲಿ ರಕ್ತ ತುಂಬಿದ ಮೇಲೆ ಹಾಸನದಲ್ಲಿ ಆಪರೇಷನ್ ಮಾಡಿಸಿ ಗರ್ಭಕೋಶ ತೆಗೆಸಬೇಕು, ಇನ್ನೊಂದು ಸಲ ಮರಿ ಹಾಕಿದರೆ ಉಳಿಯುವುದಿಲ್ಲ ಎಂದು ಎಚ್ಚರಿಸಿದರು.

ಗೋಡೌನಿನಲ್ಲಿ ಅದು ಮೂಟೆಗಳ ಸಂದಿಯಲ್ಲಿ ಮಲಗಿತು. ಗಂಡಸರ ದನಿ ಕೇಳಿದರೆ ಮೂಲೆಗೆ ಒತ್ತಿಕೊಂಡು ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಟೈಗರ್‌ಗೆ ಬೇರೆ ನಾಯಿಯ ವಾಸನೆಯೇ ಆಗದು, ಬಾಗಿಲು ಪರಚಿ ಪರಚಿ ಉಗುರು ಕಿತ್ತುಕೊಂಡಿತು. ಹಾಗಾಗಿ ಬೇಗ ಮನೆ ಹುಡುಕಲೇಬೇಕಿತ್ತು. ಸ್ನಾನ ಮಾಡಿಸಿ ಫೋಟೋ ತೆಗೆದು ನಾನೇ ವಾಟ್ಸಾಪಿನಲ್ಲಿ ಹಾಕಿದೆ.

ಆಮೇಲೆ ಬಂದ ಫೋನುಗಳನ್ನು ನೆನೆದರೆ ಈಗಲೂ ಅಸಹ್ಯವಾಗುತ್ತದೆ. ಹೇಗಿದೆ, ಊಟ ಮಾಡುತ್ತದಾ, ಏನಾಗಿತ್ತು ಎಂದು ಕೇಳಿದವರು ಒಬ್ಬರೂ ಇಲ್ಲ. ವಕೀಲರು, ಮೇಷ್ಟರು, ಕಾಫಿ ಬೆಳೆಗಾರರು, ಎಲ್ಲರದ್ದೂ ಒಂದೇ ಪ್ರಶ್ನೆ.

"ಮರಿ ಹಾಕ್ತದಾ?"

"ಜಾತಿ ಪೇಪರ್ ಐತಾ, ಮರಿ ಹಾಕ್ತದಾ?"

"ಮೇಡಂ, ಒಂದೇ ಒಂದು ಸೂಲು ತಗೊಂಡು ವಾಪಸ್ ಕೊಡ್ತೀನಿ, ಆಗ್ತದಾ?" ಎಂದ ಒಬ್ಬ. ಬಾಯಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಶಾಂತವಾಗಿ ಕೇಳಿದರು, "ನಿಮ್ಮ ತಾಯಿಯವರು ಇದ್ದಾರಾ? ಇದ್ದರೆ ಅವರಿಗೆ ಕೊಡಿ, ಸ್ವಲ್ಪ ಮಾತಾಡಬೇಕಿತ್ತು." ಅವನು ಇಟ್ಟುಬಿಟ್ಟ.

ಹೋಂಸ್ಟೇ ನಡೆಸುವ ಲೋಹಿತ್ ಎಂಬವನು ಮಾತ್ರ ಮರಿ ಬೇಡ ಎಂದ. ಆಸೆಯಿಂದ ಹೋದೆವು. ಈಜುಕೊಳದ ಪಕ್ಕದಲ್ಲಿ ಒಂದು ಸಾಲು ಬೋನುಗಳು. ಒಂದರಲ್ಲಿ ಬಾಲ ತುಂಡಾದ ಮೊಲಗಳು, ಒಂದರಲ್ಲಿ ಬಿಸಿಲಿಗೆ ನಾಲಿಗೆ ಚಾಚಿದ ಹಸ್ಕಿ ನಾಯಿ. "ಗೆಸ್ಟ್‌ಗಳಿಗೆ ಫೋಟೋಗೆ ಬೇಕು ಆಂಟಿ. ಲ್ಯಾಬ್ ಆದ್ರೆ ಮಕ್ಕಳು ಮೇಲೆ ಕೂತ್ರೂ ಕಚ್ಚಲ್ಲ" ಎಂದ, ನಗುನಗುತ್ತಲೇ. ಬಾಯಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನೇ ಬಗ್ಗಿ ನಿಲ್ಲಪ್ಪ, ಮಕ್ಕಳು ಕೂರಲಿ. ನೀನೂ ಕಚ್ಚುವ ಹಾಗೆ ಕಾಣಲ್ಲ" ಎಂದು ಗಾಡಿ ಹತ್ತಿದರು.

ಕೊನೆಗೆ ಬಂದವರು ಜಾಕ್ಸನ್. ಹಾನುಬಾಳು ಕಡೆಯ ಎಸ್ಟೇಟಿನ ಮಾಲೀಕರು, ಬಾಯಮ್ಮನ ತಂದೆ ದುಡಿದದ್ದು ಅವರ ತಂದೆಯ ಕೈಕೆಳಗೇ. ಇಗರ್ಜಿಯಲ್ಲಿ ಮೊದಲ ಬೆಂಚು, ತಗ್ಗಿದ ದನಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಅಂಗಡಿಗೇ ಬಂದು, ನಾಯಿಯ ಮುಂದೆ ಮಂಡಿಯೂರಿ ಕೂತು, "ಎಷ್ಟು ಕಷ್ಟ ಪಟ್ಟಿದ್ದೀಯೇ ನೀನು" ಎಂದರು. ಆಪರೇಷನ್ನನ್ನು ನಾವೇ ಮಾಡಿಸುತ್ತೇವೆ, ನಾಯಿ ಮನೆಯೊಳಗೇ ಇರುತ್ತದೆ ಎಂದು ಮಾತು ಕೊಟ್ಟರು. ಊರನ್ನೆಲ್ಲ ಜಾಲಿಸಿ ಬಿಸಾಡುವ ಬಾಯಮ್ಮ ಆ ಬಿಳಿ ಅಂಗಿಯನ್ನು ನಂಬಿದರು.

ಮೊದಲ ವಾರ ಫೋಟೋ ಬಂತು, ಮೆತ್ತನೆ ಚಾಪೆಯ ಮೇಲೆ ನಾಯಿ. ಎರಡನೇ ವಾರವೂ ಅದೇ ಫೋಟೋ ಬಂತು. ಬಾಯಮ್ಮ ಅದನ್ನು ಬಹಳ ಹೊತ್ತು ದಿಟ್ಟಿಸಿ, "ಚಾಪೆ ಸುಕ್ಕು ಕೂಡ ಅದೇ. ಗಾಡಿ ತೆಗಿ" ಎಂದರು.

ಎಸ್ಟೇಟ್ ಬಂಗಲೆಯ ಜಗಲಿಯಲ್ಲಿ ನೆಂಟರು ಊಟ ಮುಗಿಸಿ ಕೂತಿದ್ದರು. ಬಾಯಮ್ಮ ಅತ್ತ ಹೋಗದೆ ನೆಟ್ಟಗೆ ಹಿಂದಿನ ಸ್ಟೋರಿನ ಕಡೆ ಕಾಲೆಳೆದುಕೊಂಡು ನಡೆದರು. ಸ್ಟೋರಿನ ಪಕ್ಕದ ಕಬ್ಬಿಣದ ಬೋನಿನಲ್ಲಿ ನಮ್ಮ ನಾಯಿಯಿತ್ತು, ಅದರ ಜೊತೆಗೊಂದು ದಷ್ಟಪುಷ್ಟ ಗಂಡು ಲ್ಯಾಬ್ರಡಾರ್. ಗಂಡನ್ನು ಯಾರದೋ ಎಸ್ಟೇಟಿನಿಂದ ತರಿಸಿದ್ದರು. ಹೆಣ್ಣು ಬೆದೆಗೆ ಬರಲೆಂದು ಕಾಯುತ್ತಿದ್ದರು. ನಮ್ಮದು ಮೂಲೆಗೆ ಮುಖ ಕೊಟ್ಟು ಕೂತಿತ್ತು. ಬಾಯಮ್ಮನ ದನಿ ಕೇಳಿಯೂ ತಿರುಗಲಿಲ್ಲ.

ಜಾಕ್ಸನ್ ಓಡೋಡಿ ಬಂದರು. ಹಿಂದೆಯೇ ಒಬ್ಬಿಬ್ಬರು ನೆಂಟರು.

"ಎಲೈನ್ ಬಾಯಿ, ಒಂದು ಫೋನ್ ಮಾಡಿ ಬರಬಾರದಿತ್ತಾ? ಒಂದೇ ಸೂಲು ಅಂತ... ಫ್ರೆಂಡ್ಸ್‌ಗೆ ಮರಿ ಒಪ್ಪಿಕೊಂಡುಬಿಟ್ಟಿದ್ದೆ. ಆಮೇಲೆ ಆಪರೇಷನ್ ಮಾಡಿಸೋದೇ."

"ಇನ್ನೊಂದು ಸೂಲಿಗೆ ಸಾಯ್ತದೆ ಅಂತ ನಿಮಗೆ ಹೇಳಿದ್ದೆ."

"ಡಾಕ್ಟರುಗಳು ಹಾಗೇ ಹೆದರಿಸ್ತಾರೆ. ಏನೇ ಆದ್ರೂ ನಾಯಿ ಅಲ್ವಾ ಬಾಯಿ? ಇಷ್ಟಕ್ಕೆಲ್ಲ ನೆಂಟರ ಮುಂದೆ ಯಾಕೆ? ಬನ್ನಿ, ಕೂತು ಮಾತಾಡೋಣ. ನಿಮ್ಮಪ್ಪ ನಮ್ಮ ಮನೆ ಅನ್ನ ತಿಂದವರು."

ಬಾಯಮ್ಮ ಬೋನಿನ ಚಿಲಕ ತೆಗೆಯುತ್ತಲೇ ಹೇಳಿದರು. "ತಿಂದದ್ದು ದುಡಿದು. ನಿಮ್ಮಪ್ಪನ ಮುಂದೆ ಅವರಿಗೆ ಜೀವಮಾನದಲ್ಲಿ ಒಂದು ದಿನ ಕೂರೋಕೆ ಕುರ್ಚಿ ಸಿಗಲಿಲ್ಲ. ಈಗ ನನಗೆ ಕೊಡ್ತೀರಾ? ಬೇಡ. ನೀವೇ ಕೂರಿ, ಮಂಡಿಯೂರಿ ಕೂತು ಅಭ್ಯಾಸ ಉಂಟಲ್ಲ."

ನೆಂಟರಲ್ಲಿ ಯಾರೋ ಕೆಮ್ಮಿದರು. ಜಾಕ್ಸನ್‌ರ ಕಿವಿ ಕೆಂಪಾಯಿತು, ಆದರೆ ತಡೆಯಲು ಮುಂದೆ ಬರಲಿಲ್ಲ. ಮರ್ಯಾದಸ್ಥರಲ್ಲವೇ. ನಾಯಿಗೆ ನಡೆಯಲೂ ಮನಸ್ಸಿರಲಿಲ್ಲ. ನಾನು ಮುಂದಿನ ಕಾಲು, ಅವರು ಹಿಂದಿನ ಕಾಲು ಹಿಡಿದು ಹೊತ್ತುಕೊಂಡು ಬಂದು ಗಾಡಿಯಲ್ಲಿ ಮಲಗಿಸಿದೆವು.

ದಾರಿಯಲ್ಲಿ ಅವರು ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಊರು ಹತ್ತಿರವಾದಾಗ, "ಅವನನ್ನು ನಂಬಿದೆನಲ್ಲ ಬಿಂದು. ನನಗೇನು ಬಂದಿತ್ತು?" ಎಂದರು, ಅಷ್ಟೆ. ಅಂದು ಅವರ ತಿರಸ್ಕಾರದಲ್ಲಿ ಅವರಿಗೂ ಒಂದು ಪಾಲಿತ್ತು.

ಜನವರಿಯಲ್ಲಿ ಹಾಸನಕ್ಕೆ ಕರೆದೊಯ್ದು ಆಪರೇಷನ್ ಮಾಡಿಸಿದೆವು. ಅಷ್ಟರಲ್ಲಿ ನಾನು ಫೋಟೋದ ಕೆಳಗೆ, ಮರಿ ಹಾಕುವುದಿಲ್ಲ ಎಂದು ಸ್ಪಷ್ಟವಾಗಿ ಬರೆದು ಮತ್ತೆ ಹಾಕಿದ್ದೆ. ಪ್ರಾಣಿದಯೆಯೆಲ್ಲ ರಾತ್ರೋರಾತ್ರಿ ಆರಿಹೋಗಿತ್ತು. ಒಂದು ಫೋನೂ ಇಲ್ಲ. ಕೈ ಮುಗಿಯುವ ಚಿತ್ರ, ಅಳುವ ಮುಖದ ಚಿತ್ರ ಮಾತ್ರ ರಾಶಿ ರಾಶಿ ಬಂದವು. ಬಾಯಮ್ಮ ಅವನ್ನು ನೋಡಿ, "ಬಿಟ್ಟಿ ಕಣ್ಣೀರು" ಎಂದರು.

ಆಸ್ಪತ್ರೆಯಿಂದ ವಾಪಸ್ಸು ಬರುವಾಗ ಪಾಳ್ಯ ಎಂಬ ಊರಿನ ಹತ್ತಿರ ಓಮ್ನಿಯ ಕ್ಲಚ್ ಕೇಬಲ್ ಕಡಿಯಿತು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ನಾಯಿ ಹಿಂದಿನ ಸೀಟಿನ ಮೇಲೆ ನರಳುತ್ತಿತ್ತು, ಗಾಡಿಯೊಳಗೆ ಕಾದ ಬಾಣಲೆಯಂಥ ಸೆಕೆ. ರಸ್ತೆಯ ಪಕ್ಕದ ಮನೆಯ ಕಣದಲ್ಲಿ ರಾಗಿ ತೂರುತ್ತಿದ್ದ ಹೆಂಗಸೊಬ್ಬಳು ಮೊರ ಕೆಳಗಿಟ್ಟು ಬಂದು ಇಣುಕಿದಳು. ನಲವತ್ತೈದರ ಪ್ರಾಯ, ಗಟ್ಟಿ ಮೈಕಟ್ಟು, ತಲೆಗೆ ಟವೆಲ್ಲು. ಹೆಸರು ಸುಮಿತ್ರಮ್ಮ ಎಂದು ಆಮೇಲೆ ತಿಳಿಯಿತು.

"ಬುದ್ಧಿ ಐತೇನ್ರಮ್ಮ ನಿಮ್ಗೆ? ಬಿಸ್ಲಲ್ಲಿ ಡಬ್ಬೀಲಿ ಬೇಯಿಸ್ತಾ ಇದ್ದೀರಲ್ಲ. ಎತ್ರಿ ಅತ್ಲಾಗೆ."

ಬಾಯಮ್ಮನಿಗೆ ಬುದ್ಧಿ ಇದೆಯೇ ಎಂದು ಕೇಳಿದವರನ್ನು ನಾನು ಅದೇ ಮೊದಲು ಕಂಡದ್ದು. ಅವರು ಕಾಲೆಳೆದುಕೊಂಡು ಇಳಿಯುವಷ್ಟರಲ್ಲಿ ಸುಮಿತ್ರಮ್ಮ ನಾಯಿಯನ್ನು ಕೆಳಗೆ ಹಾಸಿದ್ದ ಗೋಣಿಚೀಲದ ಸಮೇತ ಎತ್ತಿಕೊಂಡು ಹೋಗಿ ಕೊಟ್ಟಿಗೆಯ ನೆರಳಿನಲ್ಲಿ ಮಲಗಿಸಿದ್ದಳು. ತೆಳ್ಳಗೆ ರಾಗಿ ಅಂಬಲಿ ತಂದು ಬೆರಳಿನಲ್ಲಿ ಅದ್ದಿ ನೆಕ್ಕಿಸಿದಳು. ಕಿವಿ ಎತ್ತಿ ನೋಡಿದಳು, ಮೊಣಕೈ ನೋಡಿದಳು, ಜೋತ ಮೊಲೆಗಳನ್ನು ನೋಡಿ, "ಥೂ, ಮನುಸ್ರಾ ಇವ್ರು" ಎಂದಳು.

ಮೆಕ್ಯಾನಿಕ್ ಆಲೂರಿನಿಂದ ಬರುವಷ್ಟರಲ್ಲಿ ಸಂಜೆ ಹತ್ತಿರವಾಗಿತ್ತು. ನಾಯಿ ನಿದ್ದೆ ಹೋಗಿತ್ತು. ಎಬ್ಬಿಸಲು ಹೋದಾಗ ಸುಮಿತ್ರಮ್ಮ ಅಡ್ಡ ಬಂದಳು.

"ಗುಂಡಿ ರಸ್ತೇಲಿ ಕುಲುಕಿಸ್ಕೊಂಡು ಹೋದ್ರೆ ಹೊಲಿಗೆ ಬಿಚ್ಕೊತೈತೆ. ವಾಸಿ ಆಗೋಗಂಟ ಇಲ್ಲೇ ಬಿದ್ದಿರ್ಲಿ."

ಬಾಯಮ್ಮ ತಮ್ಮ ಪರೀಕ್ಷೆ ಶುರು ಮಾಡಿದರು. ಕಟ್ಟಿ ಹಾಕ್ತೀರಾ? ಏನು ಊಟ ಹಾಕ್ತೀರಿ? ಗಂಡ ಏನು ಕೆಲಸ, ಕುಡೀತಾರಾ? ಹುಷಾರು ತಪ್ಪಿದರೆ ಡಾಕ್ಟರಿಗೆ ತೋರಿಸ್ತೀರಾ?

"ನಾಯಿ ಬಿಡಾಕೆ ಇಷ್ಟ್ ಕೇಳ್ತೀರಲ್ಲ, ನಮ್ಮಪ್ಪ ನನ್ನ ಕೊಡೋವಾಗ್ಲೂ ಇಷ್ಟ್ ಕೇಳ್ನಿಲ್ಲ ಕಣಮ್ಮ. ನಂಬ್ಕೆ ಇದ್ರೆ ಬುಡ್ರಿ, ಇಲ್ದಿದ್ರೆ ಹೊತ್ಕೊಂಡು ನಡೀರಿ."

"ಇದು ಮರಿ ಹಾಕಲ್ಲ. ಗೊತ್ತುಂಟಲ್ಲ?"

"ನಾನ್ ಕೇಳಿದ್ನಾ?"

ಬಾಯಮ್ಮ ಗಾಡಿ ಹತ್ತಿದರು. ನಾಯಿಯನ್ನು ಅಲ್ಲೇ ಬಿಟ್ಟು ಬಂದೆವು. ಆದರೆ ಜಾಕ್ಸನ್‌ನಿಂದ ಪೆಟ್ಟು ತಿಂದವರು ಸುಮ್ಮನಿರುತ್ತಾರೆಯೇ? ಮಾರನೇ ದಿನ ಬೆಳಿಗ್ಗೆ ಹೋದೆವು, ಇನ್ನೆರಡು ದಿನ ಬಿಟ್ಟು ಮಧ್ಯಾಹ್ನ ಹೋದೆವು, ಭಾನುವಾರ ಪೂಜೆ ತಪ್ಪಿಸಿ ಹೋದೆವು. ಹೇಳದೆ ಕೇಳದೆ, ಕಳ್ಳರನ್ನು ಹಿಡಿಯುವವರ ಹಾಗೆ. ಒಮ್ಮೆ ನಾಯಿ ಜಗಲಿಯ ಬಿಸಿಲಿನಲ್ಲಿತ್ತು, ಒಮ್ಮೆ ಅಡುಗೆಮನೆ ಹೊಸ್ತಿಲಲ್ಲಿ ಅಡ್ಡ ಮಲಗಿತ್ತು. ಎಲ್ಲರೂ ಅದನ್ನು ದಾಟಿಕೊಂಡೇ ಓಡಾಡುತ್ತಿದ್ದರು, ಎಬ್ಬಿಸುತ್ತಿರಲಿಲ್ಲ. ಹೆಸರೂ ಬಿದ್ದಿತ್ತು: ದಪ್ಪಿ.

ಸುಮಿತ್ರಮ್ಮನ ಗಂಡ ಜವರಯ್ಯ ಮಾತ್ರ ಬಾಯಮ್ಮನ ಬಳಿ ದೂರು ಹೇಳಿಕೊಂಡ. "ದಂಡದ ನಾಯಿ ಕಣ್ರಮ್ಮ. ಹಂದಿ ಬಂದ್ರೆ ಬೊಗಳಲ್ಲ. ಹೊಸಬ್ರು ಬಂದ್ರೆ ಬಾಲ ಆಡಿಸ್ತೈತೆ. ಮುದ್ದೆ ಮಾತ್ರ ನನ್ನಷ್ಟೇ ತಿಂತೈತೆ."

ಒಳಗಿನಿಂದ ಸುಮಿತ್ರಮ್ಮ ಕೂಗಿದಳು. "ಉಪ್ಯೋಗಕ್ಕೆ ಬಾರ್ದೋರ್ನ ಇಪ್ಪತ್ತೈದು ವರ್ಷದಿಂದ ಸಾಕ್ತಾ ಇವ್ನಿ. ಇದೊಂದು ಹೆಚ್ಚಾಯ್ತಾ?"

ಜವರಯ್ಯ ನಕ್ಕು, ತನ್ನ ತಟ್ಟೆಯ ಮುದ್ದೆಯಲ್ಲಿ ಒಂದು ತುತ್ತು ಮುರಿದು ಕೈ ಚಾಚಿದ. ಗಂಡಸಿನ ದನಿಗೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದ ನಾಯಿ ಎದ್ದು ಹೋಗಿ, ಅವನ ಕೈಯಿಂದಲೇ ತಿಂದು, ಅವನ ಪಾದದ ಮೇಲೆ ಗಲ್ಲವಿಟ್ಟು ಮಲಗಿತು. ಬಾಯಮ್ಮ ಬೇರೆ ಕಡೆ ತಿರುಗಿ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

"ಏನು ನೋಡ್ತೀಯ? ರಾಗಿ ಹೊಟ್ಟಿನ ಧೂಳು" ಎಂದರು.

ನಾಯಿ ಅಲ್ಲೇ ಉಳಿಯಿತು. ಹಾಸನಕ್ಕೆ ಹೋಗುವ ಕೆಲಸವಿಲ್ಲದಿದ್ದರೂ ಬಾಯಮ್ಮ ತಿಂಗಳಿಗೊಮ್ಮೆ ಕೆಲಸ ಹುಟ್ಟಿಸಿಕೊಂಡು ಆ ದಾರಿ ಹಿಡಿಯುತ್ತಾರೆ. ಸುಮಿತ್ರಮ್ಮನಲ್ಲಿ ತಪ್ಪು ಹುಡುಕಲು ಅವರು ಪಡದ ಪಾಡಿಲ್ಲ. ಆಲೂರಿನ ಅಂಗಡಿಯ ಧೂಳು ಬೂಸಾ ತರುತ್ತಾಳೆ, ಹೆಂಗಸಿಗೆ ಬಾಯಿ ಸರಿಯಿಲ್ಲ, ದೊಡ್ಡವರು ಚಿಕ್ಕವರು ಎಂದು ನೋಡದೆ ಮಾತಾಡುತ್ತಾಳೆ. ಇದನ್ನೆಲ್ಲ ಹೇಳುತ್ತಿರುವುದು ಎಲೈನ್ ಬಾಯಮ್ಮ! ನಾನು ಸ್ಟೇರಿಂಗ್ ಹಿಡಿದು ನಗು ನುಂಗುತ್ತೇನೆ.

ಹೋದ ಕ್ರಿಸ್‌ಮಸ್ಸಿಗೆ ತಾವೇ ಕೂತು ಕರಿದ ಕುಸ್ವಾರ್ ಎಂಬ ಹಬ್ಬದ ತಿಂಡಿಯನ್ನು ಡಬ್ಬಿ ತುಂಬ ತುಂಬಿಕೊಂಡು ಪಾಳ್ಯಕ್ಕೆ ಹೋದರು. ಸುಮಿತ್ರಮ್ಮ ಒಂದು ಚಕ್ಕುಲಿ ಕಡಿದು, "ಅಲ್ಲಾ ಕಣಕ್ಕ, ಇದ್ನ ತಿನ್ನಾಕೋ, ಗೋಡೆ ಕಟ್ಟಾಕೋ?" ಎಂದು ಉಳಿದದ್ದನ್ನು ಬಾಯಮ್ಮನ ಕಣ್ಣೆದುರೇ ದಪ್ಪಿಗೆ ಹಾಕಿದಳು. ದಪ್ಪಿ ಕರಕರ ಕಡಿದು ನುಂಗಿತು.

ಸಕಲೇಶಪುರದ ಸೇತುವೆ ದಾಟುವವರೆಗೂ ಬಾಯಮ್ಮ ಆ ಹೆಂಗಸನ್ನು ಬೈಯುತ್ತಲೇ ಇದ್ದರು.